ತಿರುವಿನ ಹಗ್ಗ

ಚಿಕ್ಕೋಡಿಯಿಂದ ಕಾಗವಾಡದವರೆಗೆ ನೇಮಿನಾಥ ಕಾಕಾನನ್ನು ಜನ 'ಹಗ್ಗದ ನೇಮಣ್ಣ' ಎಂದು ಕರೆಯುತ್ತಾರೆ. ಕರೆದು ನಗುತ್ತಾರೆ. ಆ ಹೆಸರು ಹೇಗೆ ಬಂತೆಂದು ಗೊತ್ತಿದ್ದವರೂ ನಗುತ್ತಾರೆ. ನನಗೆ ತಡೆಯಲಾಗದ್ದು ಅದೇ. ಅದಕ್ಕೇ ನಡೆದದ್ದನ್ನು ನಡೆದಂತೆ ಬರೆಯಲು ಕುಳಿತಿದ್ದೇನೆ.

ಉಗಾರ ಬುದ್ರುಕದಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ನದಿಯ ದಂಡೆಗೆ ಕಬ್ಬಿನ ಹೊಲ, ಬಾಗಿಲಲ್ಲಿ ಎರಡು ಎಮ್ಮೆ. ಕಾಕಾ ತಮ್ಮಪ್ಪ ಬಿಟ್ಟುಹೋದದ್ದನ್ನು ನೋಡಿಕೊಂಡು ಇರಬಹುದಿತ್ತು. ಆದರೆ ಎಂಬತ್ಮೂರನೆಯ ಇಸವಿಯಲ್ಲಿ ಮಿರಜಿನಿಂದ ರಷ್ಯಾದ ಹಳೆಯ ಕ್ಯಾಮೆರಾವೊಂದನ್ನು ಕೊಂಡು ತಂದರು. ಮದುವೆ, ಪೂಜೆಗಳ ಫೋಟೋ ತೆಗೆಯುತ್ತಾರೆಂದು ಮನೆಯವರು ಭಾವಿಸಿದರು. ಕಾಕಾಗೆ ಬೇಕಾದದ್ದು ಓಡುವ ಗಾಡಿಯ ಫೋಟೋ. ಕೊಲ್ಲಾಪುರದ ಬಯಲಿನಲ್ಲಿ ಮೋಟಾರ್‌ಸೈಕಲ್ಲುಗಳು ಮಣ್ಣಿನ ದಿಬ್ಬ ಹತ್ತಿ ಗಾಳಿಯಲ್ಲಿ ನೆಗೆಯುವುದನ್ನು ಅವರು ಒಮ್ಮೆ ಕಂಡಿದ್ದರು, ಅಷ್ಟೇ.

ಓಡುವ ಗಾಡಿಯನ್ನು ಹಿಡಿಯಬೇಕಾದರೆ ಅದರ ವೇಗಕ್ಕೆ ಸರಿಯಾಗಿ ಕ್ಯಾಮೆರಾವನ್ನೂ ತಿರುಗಿಸಬೇಕು. ಆಗ ಗಾಡಿ ನಿಚ್ಚಳವಾಗಿ ಬಂದು ಹಿಂದಿನ ಗಿಡಮರ ಗೆರೆಗೆರೆಯಾಗುತ್ತವೆ. ಇದನ್ನು ಕಲಿಯಲು ಅವರು ಊರ ರಸ್ತೆಗೆ ನಿಂತು ಕಬ್ಬಿನ ಟ್ರ್ಯಾಕ್ಟರಿಗೆ, ಬಸ್ಸಿಗೆ ಗುರಿ ಹಿಡಿಯುತ್ತಿದ್ದರು.

"ಎಲ್ಲಾರೂ ಬಸ್ಸಿಗೆ ಕೈ ಮಾಡಿ ಹತ್ತತಾರ, ನೀವು ಬಸ್ಸಿಗೆ ಸೊಂಟಾ ತಿರುವಿ ಕಳಸತೀರಿ. ಕಂಡಕ್ಟರ್ ಏನ್ ತಿಳಕೋಬೇಕು?" ಎಂದು ಅವರ ಹೆಂಡತಿ ಜಿನಮತಿ ಕಾಕು ಕಟಕಿಯಾಡುತ್ತಿದ್ದಳು.

"ಅಂವಾ ಕೈ ಬೀಸತಾನ. ನಿನ್ನಂಗ ಬೈಯೂದಿಲ್ಲ."

ರೇಸು ಎಲ್ಲಿದ್ದರೂ ಕಾಕಾ ಹೋಗುತ್ತಿದ್ದರು. ಹೋದಲ್ಲೆಲ್ಲ ಒಂದೇ ಹಾಡು. ಸಂಘಟಕರಿಗೆ ಬೇಕಾದದ್ದು ಸತ್ಕಾರದ ಫೋಟೋ: ಮುಖ್ಯ ಅತಿಥಿಯ ತಲೆಗೆ ಮಾರುಗಟ್ಟಲೆ ಬಟ್ಟೆ ಸುತ್ತಿದ ಫೇಟಾ, ಉಪ ಅತಿಥಿಗೆ ಫೇಟಾ, ಅವರ ಕಾರಿನ ಜೊತೆ ಬಂದವರಿಗೆ ಶಾಲು, ತೆಂಗಿನಕಾಯಿ. ರೀಲಿನ ಮುಕ್ಕಾಲು ಭಾಗ ಹಾರಕ್ಕೇ ತೀರುತ್ತಿತ್ತು. ಜೀವದ ಹಂಗು ಬಿಟ್ಟು ಗಾಡಿ ಓಡಿಸಿದ ಹುಡುಗನಿಗೆ ಉಳಿದ ನಾಲ್ಕು ಚಿತ್ರ.

ಮದ್ರಾಸಿನ ಹತ್ತಿರ ಶೋಲಾವರಂ ಬಯಲಿನ ರೇಸಿಗೆ ಹೋದಾಗ ಅಲ್ಲಿಯ ಸವಾರನೊಬ್ಬನ ಪರಿಚಯವಾಯಿತು. ತೆಗೆದ ಚಿತ್ರಗಳನ್ನು ಕಾಕಾ ತಪ್ಪದೆ ಅಂಚೆಯಲ್ಲಿ ಕಳಿಸುತ್ತಿದ್ದುದಕ್ಕೆ ಅವನು ತೊಂಬತ್ತೆರಡರಲ್ಲಿ ತನ್ನೊಡನೆ ಸಿಂಹಳಕ್ಕೆ ಕರೆದ. ಅಲ್ಲಿ ಬೆಟ್ಟ ಹತ್ತುವ ಕಾರುಗಳ ಸ್ಪರ್ಧೆ. ಕಾಕು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕೆಂಪು ಪುಡಿಯ ಗಂಟು ಹಿಡಿದು ಇದೇನೆಂದು ಕೇಳಿದ. ಹೇಳಲು ಭಾಷೆ ಬಾರದೆ ಕಾಕಾ ಒಂದು ಚಿಟಿಕೆ ತಾವು ತಿಂದು ಒಂದು ಚಿಟಿಕೆ ಅವನ ಅಂಗೈಗೆ ಹಾಕಿದರು. ಅವನು ನೆಕ್ಕಿ, ಕಣ್ಣೊರೆಸಿಕೊಂಡು, ಹೋಗು ಎಂದು ಕೈ ಮಾಡಿದನಂತೆ.

ಚಹಾ ತೋಟಗಳ ನಡುವೆ ಹಾವಿನಂತೆ ಏರುವ ರಸ್ತೆ. ಪ್ರತಿ ತಿರುವಿನಲ್ಲೂ ನೋಡುವ ಜನರನ್ನು ತಡೆಯಲು ಹಗ್ಗ. ಚಿತ್ರದ ಆಸೆಗೆ ಕಾಕಾ ಹಗ್ಗ ದಾಟಿದ್ದೇ ತಡ, ಕೆಂಪು ಬಾವುಟ ಹಿಡಿದ ಹುಡುಗಿಯೊಬ್ಬಳು ಬಾವುಟದ ಕೋಲನ್ನು ಅವರ ಎದೆಗಿಟ್ಟು ಹಿಂದಕ್ಕೆ ತಳ್ಳಿದಳು. ಇವರಿಗೆ ಅವಮಾನವಾಯಿತು. ಸ್ವಲ್ಪ ಹೊತ್ತಿಗೆ ದೊಡ್ಡ ಮನುಷ್ಯನೊಬ್ಬ ಹಿಂಬಾಲಕರೊಡನೆ ಬಂದ. ಹುಡುಗಿ ಅವನನ್ನೂ ಅದೇ ಕೋಲಿನಿಂದ ತಡೆದಳು. ಅವನು ಕೊಡೆ ಮಡಚಿ, ಹಗ್ಗದ ಹಿಂದೆ ಕಾಕಾನ ಪಕ್ಕಕ್ಕೇ ಬಂದು ನಿಂತ. ಅವಮಾನ ಅಲ್ಲಿಗೆ ಇಳಿಯಿತು. ಕಾಕಾ ಆ ಹಗ್ಗದ, ಅದರ ಹಿಂದೆ ನಿಂತ ಆ ಮನುಷ್ಯನ ಫೋಟೋ ತೆಗೆದರು. ಊರಿಗೆ ಮರಳಿ, ಮನೆಗೆ ಬಂದವರಿಗೆಲ್ಲ ತೋರಿಸಿದ್ದು ಅದನ್ನೇ.

"ಸಿಂಹಳಕ್ಕ ಹೋಗಿ ಹಗ್ಗದ ಫೋಟೋ ತಂದ್ಯಲ್ಲೋ ನೇಮಣ್ಣ!" ಎಂದ ಓಣಿಯ ಮುರಗೆಪ್ಪ. "ನಮ್ಮ ಕೊಟ್ಟಿಗ್ಯಾಗ ಎಮ್ಮಿಗಿ ಕಟ್ಟಿದ್ದು ಇದ್ದಿಲ್ಲೇನು?"

ಹೆಸರು ಅವತ್ತಿನಿಂದ ಅಂಟಿತು.

ಎರಡು ವರ್ಷದ ಮೇಲೆ ಚಿಕ್ಕೋಡಿಯ ಹೊರಗಿನ ಬಯಲಿನಲ್ಲಿ ಅಲ್ಲಿಯ ಯುವಕ ಮಂಡಳದವರು ಮೋಟಾರ್‌ಸೈಕಲ್ ರೇಸು ಇಟ್ಟರು. ಮಂಡಳದ ಅಧ್ಯಕ್ಷ ರಾವಸಾಹೇಬ ಕಾಕಾನನ್ನು ಫೋಟೋಕ್ಕೆ ಕರೆದ. ಚಿಂಚಲಿಯ ಮಲಕಾರಿ ಓಡಿಸುವವನಿದ್ದ. ರಾಯಬಾಗದಲ್ಲಿ ಸಣ್ಣ ಗ್ಯಾರೇಜ್ ಇಟ್ಟುಕೊಂಡು, ಗುಜರಿಗೆ ಹಾಕಿದ ಗಾಡಿಯನ್ನು ತಾನೇ ಎಬ್ಬಿಸಿ ಓಡಿಸುತ್ತಿದ್ದ ಹುಡುಗ. ಕಾಕಾನ ಒಳ್ಳೆಯ ಚಿತ್ರಗಳಲ್ಲಿ ಅರ್ಧ ಅವನವೇ.

ಮುಂಜಾನೆ ಇಬ್ಬರೂ ಸೇರಿ ಮಣ್ಣಿನ ದಿಬ್ಬದಾಚೆಯ ತಿರುವಿಗೆ ಹಗ್ಗ ಕಟ್ಟಿದರು. ದಿಬ್ಬ ಹತ್ತುವವನಿಗೆ ಆಚೆ ಕೆಳಗೆ ಯಾರಿದ್ದಾರೆಂಬುದು ಗಾಳಿಗೆ ನೆಗೆಯುವ ತನಕ ಕಾಣುವುದಿಲ್ಲ. ಹಗ್ಗ ಎಲ್ಲರಿಗೂ ಕಾಣಲೆಂದು ಕಾಕುನ ಹಳೆಯ ಕೆಂಪು ಸೀರೆ ಹರಿದು ಉದ್ದಕ್ಕೂ ಚಿಂದಿ ಕಟ್ಟಿದರು.

ಮುಖ್ಯ ಅತಿಥಿ ಬಂದದ್ದು ರೇಸು ಅರ್ಧ ಮುಗಿದ ಮೇಲೆ. ವೇದಿಕೆ ದೂರವಿತ್ತು, ಅವನಿಗೆ ಗಾಡಿ ನೆಗೆಯುವುದನ್ನು ಸಮೀಪದಿಂದ ನೋಡಬೇಕಿತ್ತು. ತಿರುವಿನ ಮಗ್ಗುಲಿಗೇ ಕುರ್ಚಿ ಬಂದವು. ಬಿಸಿಲಿಗೆ ಬಟ್ಟೆಯ ಚಪ್ಪರ ಎತ್ತಬೇಕು, ಚಪ್ಪರಕ್ಕೆ ಹಗ್ಗವಿಲ್ಲ. ಮಂಡಳದ ಹುಡುಗರು ತಿರುವಿನ ಹಗ್ಗವನ್ನೇ ಬಿಚ್ಚತೊಡಗಿದರು. ಕಾಕಾ ಓಡಿಹೋಗಿ ಹಿಡಿದರು.

"ರಾವಸಾಹೇಬ, ಹಗ್ಗ ಬಿಚ್ಚಬ್ಯಾಡೋ! ಮಂದಿ ಒಳಗ ಬರತೈತಿ!"

"ಸಾಹೇಬ್ರು ಬಿಸಲಾಗ ಕುಂದ್ರಬೇಕೇನು, ನೇಮಣ್ಣ?"

"ಹಂಗಾದ್ರ ಗಾಡಿ ನಿಂದರಸು."

"ಗಾಡಿ ನಿಂತರ ಸಾಹೇಬ್ರು ಏನ್ ನೋಡಬೇಕು, ನಿನ್ನ ಮಾರಿ? ಹೋಗು, ಫೇಟಾ ಕಟ್ಟತಾರ, ಫೋಟೋ ಹೊಡಿ. ಸಿಂಹಳದ ಶಾಸ್ತ್ರ ಇಲ್ಲಿ ಹಚ್ಚಬ್ಯಾಡ."

ಅತಿಥಿಯ ತಲೆಗೆ ಫೇಟಾ ಏರುತ್ತಿತ್ತು. ಕಾಕಾ ಕ್ಯಾಮೆರಾ ಎತ್ತಿ ಗುಂಡಿ ಒತ್ತಿದರು. ಅದೇ ಗಳಿಗೆಯಲ್ಲಿ ಮಲಕಾರಿ ದಿಬ್ಬದಿಂದ ನೆಗೆದ. ಬರಿದಾಗಿರಬೇಕಿದ್ದ ಜಾಗದ ತುಂಬ ಜನ. ನೆಲ ಮುಟ್ಟಿದ್ದೇ ಅವನು ಜನರನ್ನು ಬಿಟ್ಟು ಬದುವಿನ ಕಲ್ಲಿಗೆ ಗಾಡಿ ತಿರುಗಿಸಿದ. ಗಾಡಿ ಅವನ ಕಾಲಿನ ಮೇಲೆ ಬಿತ್ತು, ಉರುಳಿ ಇಬ್ಬರಿಗೆ ಪೆಟ್ಟಾಯಿತು. ಅವನು ತಿರುಗಿಸದಿದ್ದರೆ ಎಷ್ಟು ಹೆಣ ಬೀಳುತ್ತಿದ್ದವೋ!

ಮರುದಿನ ಪತ್ರಿಕೆಯಲ್ಲಿ ಏನು ಬಂತು ಗೊತ್ತೇ? ಕುಡಿದ ಸವಾರನಿಂದ ಅಪಘಾತ. ಹಾಗೆಂದು ಹೇಳಿಕೆ ಕೊಟ್ಟವರು ಮಂಡಳದವರು. ಮಲಕಾರಿಯ ಮೇಲೆ ಕೇಸು ಆಯಿತು. ಗ್ಯಾರೇಜಿಗೆ ಗಿರಾಕಿ ಬರುವುದು ನಿಂತಿತು. ಮಿರಜಿನ ಆಸ್ಪತ್ರೆಗೆ ಕಾಕಾ ಹೋದಾಗ ಮಲಕಾರಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮಾತಾಡಿದವಳು ಅವನ ಹೆಂಡತಿ ಲಕ್ಕವ್ವ.

"ಕಾಲ ಮುರದದ್ದು ಕೂಡತೈತ್ರಿ ಅಣ್ಣಾರ. ಕುಡದಿದ್ದ ಅಂತ ಬರದಾರಲ್ರಿ, ಅದು ಹೆಂಗ ಕೂಡತೈತಿ?"

ಕಾಕಾನ ಬಳಿ ಉತ್ತರವಿತ್ತು, ರಾವಸಾಹೇಬನ ಆಫೀಸಿನಲ್ಲೇ ನೇತಾಡುತ್ತಿತ್ತು. ಇಷ್ಟೆಲ್ಲ ಆದರೂ ನಾಚಿಕೆಯಿಲ್ಲದೆ ಅವನು ಸತ್ಕಾರದ ಫೋಟೋ ತರಿಸಿಕೊಂಡು, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿದ್ದ. ನಡುವೆ ಫೇಟಾ ಸುತ್ತಿಸಿಕೊಳ್ಳುತ್ತಿರುವ ಅತಿಥಿ. ಪಕ್ಕದಲ್ಲಿ ಚಪ್ಪರದ ಕಂಬಕ್ಕೆ ಬಿಗಿದ, ಚಿಂದಿ ಜೋತ ಹಗ್ಗ. ಹಿಂದೆ ತಿರುವಿನ ತುಂಬ ಜನ, ಅವರ ತಲೆಯ ಮೇಲೆ ಗಾಳಿಯಲ್ಲಿ ಮಲಕಾರಿ. ರಾವಸಾಹೇಬ ಆ ಚಿತ್ರದಲ್ಲಿ ಅತಿಥಿಯನ್ನು ಬಿಟ್ಟು ಬೇರೇನನ್ನೂ ನೋಡಿಯೇ ಇರಲಿಲ್ಲ.

ಕಾಕಾ ಅದೇ ಚಿತ್ರದ ಇನ್ನೊಂದು ಪ್ರತಿಯನ್ನು ಪೊಲೀಸ್ ಠಾಣೆಗೆ ಒಯ್ದು ಫೌಜದಾರನ ಮೇಜಿನ ಮೇಲಿಟ್ಟರು.

"ಇದು ಮಂಡಳದ ಆಫೀಸಿನ್ಯಾಗ ಗ್ವಾಡಿಗಿ ಐತೆಲ್ಲೋ ಮಾರಾಯಾ," ಎಂದ ಫೌಜದಾರ.

"ಹೌದ್ರಿ ಸಾಹೇಬ್ರ. ದಿನಾ ಊದಿನಕಡ್ಡಿ ಹಚ್ಚತಾರ."

ಕುಡಿದಿದ್ದನೆಂದು ಆಸ್ಪತ್ರೆಯವರೂ ಹೇಳಲಿಲ್ಲ. ಮಲಕಾರಿಯ ಮೇಲಿನ ಕೇಸು ಬಿದ್ದುಹೋಯಿತು. ಆದರೆ ಹಗ್ಗ ಬಿಚ್ಚಿಸಿದವನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಪತ್ರಿಕೆಯಲ್ಲಿ ಒಂದು ಸಾಲು ತಿದ್ದುಪಡಿ ಬರಲಿಲ್ಲ. ಜನರ ಬಾಯಲ್ಲಿ ಮಲಕಾರಿ ಕುಡುಕನಾಗಿಯೇ ಉಳಿದ.

ಮುಂದಿನ ವರ್ಷ ಮತ್ತೆ ರೇಸು. ಈ ಸಲ ಮಲಕಾರಿಗೇ ಸತ್ಕಾರವೆಂದು ಮಂಡಳದವರು ಕರೆ ಕಳಿಸಿದರು. ಕಾಕಾ ಕೆಂಡವಾದರು.

"ತಪ್ಪಾತು ಅನ್ನಾಕ ಬಾಯಿಲ್ಲ, ಹಾರ ಹಾಕತಾರಂತ! ಹೋಗಬ್ಯಾಡ ನೀ."

"ಹೋಗೂನ್ರಿ ಅಣ್ಣಾರ," ಎಂದ ಮಲಕಾರಿ. "ಕ್ಯಾಮೆರಾ ತಗೋರಿ."

ನಾನೂ ಅವತ್ತು ಬಯಲಿನಲ್ಲಿದ್ದೆ. ರಾವಸಾಹೇಬ ಮೈಕಿನಲ್ಲಿ, ಹೋದ ವರ್ಷ ಆದದ್ದೆಲ್ಲ ದೈವದ ಆಟ ಎಂದ. ಮಲಕಾರಿಯ ತಲೆಗೆ ಕೇಸರಿ ಫೇಟಾ ಕಟ್ಟಿಸಿದ. ಜನ ಚಪ್ಪಾಳೆ ತಟ್ಟಿದರು. ಮಲಕಾರಿ ಕೋಲಿನ ಮೇಲೆ ಭಾರ ಹಾಕಿ ನಿಂತು ತಿರುವಿನ ಕಡೆ ನೋಡಿದ.

"ಅಧ್ಯಕ್ಷರ, ತಿರುವಿಗಿ ಹಗ್ಗ ಎಲ್ಲೈತ್ರಿ?"

"ತರಾಕ ಕಳಸೇವೋ, ಬರತೈತಿ. ಟೈಮ್ ಆಗೈತಿ, ಕುಂದ್ರು."

ಅವನು ಕುಳಿತುಕೊಳ್ಳಲಿಲ್ಲ. ವೇದಿಕೆ ಇಳಿದು, ಕಾಲೆಳೆಯುತ್ತ ಬಯಲು ದಾಟಿ ತಿರುವಿಗೆ ಹೋದ. ಕಾಕಾ ಹಿಂದೆಯೇ ಹೋದರು. ಅಲ್ಲಿ ಅವನು ತಲೆಯ ಮೇಲಿನ ಫೇಟಾ ತೆಗೆದು ಒಂದು ತುದಿಯನ್ನು ಕಾಕಾನ ಕೈಗಿಟ್ಟ. ಕಾಕಾಗೆ ಕ್ಷಣ ತಿಳಿಯಲಿಲ್ಲ. ಮಲಕಾರಿ ಸುತ್ತು ಬಿಚ್ಚುತ್ತ ಹಿಂದೆ ಹಿಂದೆ ಸರಿದ. ಕೇಸರಿ ಬಟ್ಟೆ ತಿರುವಿನ ಉದ್ದಕ್ಕೂ ಹರಿಯಿತು. ಎರಡೂ ಕಡೆಯ ಗೂಟಕ್ಕೆ ಬಿಗಿದರು.

ಜನ ತಾವಾಗಿಯೇ ಹಿಂದೆ ಸರಿದರು. ಹುಡುಗನೊಬ್ಬ ದಾಟಲು ಕಾಲೆತ್ತಿದ; ಮುದುಕನೊಬ್ಬ ಅವನ ಅಂಗಿ ಹಿಡಿದು ಎಳೆದ.

"ಏ ಲೇ, ಫೇಟಾ ಐತದು! ದಾಟತಿಯೇನು, ಮಾನಗೇಡಿ?"

ಕೇಳಿ ನನ್ನ ಮೈ ಉರಿಯಿತು. ಜೀವ ಕಾಯುವ ಹಗ್ಗಕ್ಕೆ ಹೋದ ವರ್ಷ ಇಲ್ಲದ ಮಾನ, ಸತ್ಕಾರದ ಬಟ್ಟೆಗೆ ಇತ್ತು!

ಮಲಕಾರಿ ವೇದಿಕೆಯ ಕಡೆ ತಿರುಗಿ, ಇಡೀ ಬಯಲಿಗೆ ಕೇಳುವಂತೆ ಕೂಗಿದ:

"ಅಧ್ಯಕ್ಷರ! ಇದನ್ನೂ ಬಿಚ್ಚಸ್ತೀರೇನ್ರಿ?"

ಎಲ್ಲರ ತಲೆಗಳೂ ರಾವಸಾಹೇಬನ ಕಡೆ ಹೊರಳಿದವು. 'ಇದನ್ನೂ' ಎಂದರೆ ಏನೆಂದು ಆ ಬಯಲಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ರಾವಸಾಹೇಬನ ಮುಂದೆ ಮೈಕಿತ್ತು. ಅವನು ಅದನ್ನು ಪಕ್ಕದವನ ಕಡೆ ಸರಿಸಿದ.

ಕಾಕಾ ಅವತ್ತು ತೆಗೆದದ್ದು ಒಂದೇ ಫೋಟೋ: ಬಿಗಿದ ಕೇಸರಿ ಫೇಟಾ, ಅದರ ಹಿಂದೆ ಸಾಲಾಗಿ ನಿಂತ ಜನ, ಈಚೆ ಬರಿದಾದ ನೆಲದಲ್ಲಿ ಕೋಲು ಹಿಡಿದ ಮಲಕಾರಿ. ಲಕ್ಕವ್ವ ಅದನ್ನು ಗ್ಯಾರೇಜಿನಲ್ಲಿ ಗಿರಾಕಿಗಳು ಕೂರುವ ಬೆಂಚಿನ ಎದುರಿಗೇ ಹಾಕಿದ್ದಾಳೆ. ಬೆಂಚು ಈಗ ಖಾಲಿ ಇರುವುದಿಲ್ಲ. ಮಲಕಾರಿ ಮಾತ್ರ ಮತ್ತೆ ರೇಸಿನ ಗಾಡಿ ಹತ್ತಲಿಲ್ಲ. ಆ ಕಾಲು ಮಡಚುವುದಿಲ್ಲ. ಮಂಡಳದ ಅಧ್ಯಕ್ಷ ಇಂದಿಗೂ ರಾವಸಾಹೇಬನೇ.