ಗುಡುಗು ಮೇಷ್ಟ್ರು ಒಂದನೇ ತರಗತಿಗೆ ಹೋದದ್ದು

ಏಳನೇ ತರಗತಿಗೆ ಲೆಕ್ಕ ಹೇಳುತ್ತಿದ್ದ ಮೇಷ್ಟ್ರಿಗೆ ಗುಡುಗು ಎಂಬ ಅಡ್ಡಹೆಸರು ಯಾವ ಕಾಲದಲ್ಲಿ ಅಂಟಿಕೊಂಡಿತೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆಳು ನೋಡಿದರೆ ಒಣಕಲು ಕಡ್ಡಿ. ಜೋರು ಗಾಳಿ ಬೀಸಿದರೆ ಕೈಯಲ್ಲಿರುವ ಕೊಡೆಯ ಜೊತೆಗೆ ಇವರೂ ಹಾರಿಹೋದಾರು ಎನ್ನುವಂಥ ಮೈಕಟ್ಟು. ಆದರೆ ಅಷ್ಟು ಸಣ್ಣ ಎದೆಯಿಂದ ಅಷ್ಟು ದೊಡ್ಡ ದನಿ ಹೇಗೆ ಹೊರಡುತ್ತಿತ್ತೋ! "ಸದ್ದು!" ಎಂದು ಕೂಗಿ ಡಸ್ಟರಿನಿಂದ ಮೇಜನ್ನು ಬಡಿದರೆ ಏಳನೇ ತರಗತಿಯಷ್ಟೇ ಅಲ್ಲ, ಗೋಡೆಯಾಚೆಯ ಆರನೇ ತರಗತಿಯೂ ಬಾಯಿ ಮುಚ್ಚುತ್ತಿತ್ತು. ಅಲ್ಲಿ ಪಾಠ ಮಾಡುತ್ತಿದ್ದ ಟೀಚರ್ ಕೂಡ ಅರೆಗಳಿಗೆ ಬಾಯಿ ಮುಚ್ಚುತ್ತಿದ್ದರಂತೆ.

ಹೀಗಿರುವಾಗ ಒಂದನೇ ತರಗತಿಯ ಟೀಚರ್ ಹೆರಿಗೆ ರಜೆಯ ಮೇಲೆ ಹೋದರು. ಹೆಡ್ ಮೇಡಂ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ ಕೊನೆಗೆ ಗುಡುಗು ಮೇಷ್ಟ್ರ ಮೇಲೆ ಕಣ್ಣಿಟ್ಟರು.

"ನೀವು ಹೋಗಿ. ಆ ತರಗತಿಯ ಗಲಾಟೆ ನಿಮ್ಮಿಂದ ಮಾತ್ರ ನಿಲ್ಲೋದು."

"ಅದೇನು ಮಹಾ ಮೇಡಂ," ಎಂದರು ಮೇಷ್ಟ್ರು. "ಹತ್ತು ನಿಮಿಷದ ಕೆಲಸ."

ಹೆಡ್ ಮೇಡಂ ಎತ್ತರದ, ದಪ್ಪನೆಯ, ಗಂಭೀರವಾದ ಹೆಂಗಸು. ಸೊಂಟದಲ್ಲಿ ಇಡೀ ಶಾಲೆಯ ಬೀಗದ ಕೈಗಳ ಗೊಂಚಲು. ಅವರು ನಗುವುದನ್ನು ಕಂಡವರು ಕಡಿಮೆ. ಅವತ್ತು ಮಾತ್ರ ಅವರ ತುಟಿಯ ತುದಿ ಸ್ವಲ್ಪ ಅಲುಗಾಡಿತು ಎಂದು ಆಮೇಲೆ ಜವಾನ ಹೇಳುತ್ತಿದ್ದ.

ಒಂದನೇ ತರಗತಿಯ ಬಾಗಿಲಲ್ಲಿ ನಿಂತಾಗ ಮೇಷ್ಟ್ರಿಗೆ ಕಂಡದ್ದು ಕಪ್ಪೆ ತೂಗುವ ತಕ್ಕಡಿ. ಒಬ್ಬಳನ್ನು ಕೂರಿಸುವಷ್ಟರಲ್ಲಿ ಇಬ್ಬರು ಎದ್ದಿರುತ್ತಿದ್ದರು. ಒಬ್ಬ ಬೆಂಚಿನ ಕೆಳಗೆ ಮಲಗಿ ಬಸ್ಸು ಓಡಿಸುತ್ತಿದ್ದ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಡಸ್ಟರ್ ಎತ್ತಿ, ಇದ್ದ ಶಕ್ತಿಯನ್ನೆಲ್ಲ ಸೇರಿಸಿ ಗುಡುಗಿದರು.

"ಸದ್ದು!"

ತರಗತಿ ಥಟ್ಟನೆ ಸುಮ್ಮನಾಯಿತು. ಮೇಷ್ಟ್ರು ಗೆದ್ದೆನೆಂದುಕೊಂಡರು. ಅಷ್ಟರಲ್ಲಿ ಮುಂದಿನ ಬೆಂಚಿನಿಂದ ಮುಂದಿನೆರಡು ಹಲ್ಲು ಬಿದ್ದುಹೋಗಿದ್ದ ಹುಡುಗಿಯೊಬ್ಬಳು ಕಣ್ಣರಳಿಸಿ ಕೇಳಿದಳು:

"ಸಾರ್, ಇನ್ನೊಂದ್ಸಲ ಮಾಡ್ತೀರಾ?"

"ಹೂಂ ಸಾರ್, ಇನ್ನೊಂದ್ಸಲ! ಇನ್ನೊಂದ್ಸಲ!" ಎಂದು ಎಲ್ಲರೂ ಕುಣಿದರು. ಮೇಷ್ಟ್ರು ಕೋಪದಿಂದ ಮತ್ತೆ ಕೂಗಿದರು. ಚಪ್ಪಾಳೆ ಬಿತ್ತು. ಮೂರನೆಯ ಸಲ ಮಕ್ಕಳೇ ಅವರ ಜೊತೆ ದನಿ ಸೇರಿಸಿ ಬೆಂಚು ಬಡಿದರು. ಮೇಲಿನ ಮಹಡಿಯವರು ಏನೋ ಕುಸಿದುಬಿತ್ತೆಂದು ಕೆಳಗೆ ಓಡಿಬಂದರು.

ಸಂಜೆ ಮನೆಗೆ ಬಂದ ಮೇಷ್ಟ್ರು ಮುಖ ಕೂಡ ತೊಳೆಯದೆ ಕುರ್ಚಿಯಲ್ಲಿ ಕುಸಿದರು. ಹೆಂಡತಿ ಹೊಲಿಗೆಯವರು, ಯಂತ್ರ ತುಳಿಯುತ್ತಲೇ ಎಲ್ಲ ಕೇಳಿಸಿಕೊಂಡರು.

"ಅಲ್ಲ ಕಣೇ, ಒಬ್ಬರೂ ಹೆದರಲಿಲ್ಲ!"

"ಮದುವೆಯಾದಾಗಿಂದ ಆ ಗುಡುಗು ಕೇಳ್ತಾ ಇದ್ದೀನಿ. ನಾನು ಹೆದರಿದೀನಾ?"

ಮೇಷ್ಟ್ರು ಯೋಚಿಸಿದರು. ಹೆದರಿದ ನೆನಪು ಬರಲಿಲ್ಲ. ಹೆಂಡತಿ ಎದ್ದು, ಬಣ್ಣಬಣ್ಣದ ಅಂಗಿ ಗುಂಡಿಗಳಿದ್ದ ಒಂದು ಡಬ್ಬಿ ತಂದು ಅವರ ಮಡಿಲಲ್ಲಿಟ್ಟರು.

"ಬರೀ ಬಾಯಲ್ಲಿ ಲೆಕ್ಕ ಹೇಳಿದ್ರೆ ಆ ಮಕ್ಕಳಿಗೆ ಏನು ಗೊತ್ತಾಗುತ್ತೆ? ಕೈಗೆ ಏನಾದ್ರೂ ಕೊಡಿ. ಕೈ ಸುಮ್ನಿದ್ರೆ ಬಾಯಿ ಸುಮ್ನಿರುತ್ತಾ?"

ಗುಂಡಿಗಳು ಕೆಲಸ ಮಾಡಿದವು. ಮಕ್ಕಳು ನೆಲದ ಮೇಲೆ ಕೂತು ಕೆಂಪನ್ನು ಕೆಂಪಿಗೆ, ದೊಡ್ಡದನ್ನು ದೊಡ್ಡದಕ್ಕೆ ಸೇರಿಸಿ ಗುಡ್ಡೆ ಹಾಕಿದರು, ಹಾವು ಮಾಡಿದರು, ಎಣಿಸಿದರು. ಮೇಷ್ಟ್ರೂ ನೆಲಕ್ಕೆ ಕೂರಬೇಕಾಯಿತು. ಏಳುವಾಗ ಮೊಣಕಾಲು ಪಟಪಟ ಎಂದಿತು. ಅದಕ್ಕೂ ಮಕ್ಕಳು, "ಇನ್ನೊಂದ್ಸಲ ಸಾರ್!" ಎಂದರು.

ಆದರೆ ಕಳೆಯುವ ಲೆಕ್ಕದ ದಿನ ಎಡವಟ್ಟಾಯಿತು. ಸದಾ ಕಣ್ಣು ಮಿಟುಕಿಸುತ್ತಿದ್ದ ಒಬ್ಬ ಹುಡುಗನಿದ್ದ. ಎಲ್ಲರೂ ಅವನನ್ನು ಪಿಳಿಪಿಳಿ ಎನ್ನುತ್ತಿದ್ದರು. ಮೇಷ್ಟ್ರು ಅವನ ಮುಂದೆ ಹತ್ತು ಗುಂಡಿ ಇಟ್ಟು ಹಲಗೆಯ ಕಡೆ ತಿರುಗಿ ಮತ್ತೆ ನೋಡಿದಾಗ ಒಂಬತ್ತೇ ಇದ್ದವು.

"ಇನ್ನೊಂದು ಎಲ್ಲೋ?"

ಪಿಳಿಪಿಳಿ ಕಣ್ಣು ಮಿಟುಕಿಸಿದ. ಹಲ್ಲಿಲ್ಲದ ಹುಡುಗಿ ಅವನ ಪರವಾಗಿ ಉತ್ತರ ಕೊಟ್ಟಳು. "ಮೂಗಲ್ಲಿದೆ ಸಾರ್. ಹತ್ತರಲ್ಲಿ ಒಂದು ಮೂಗಿಗೆ ಹೋದ್ರೆ ಒಂಬತ್ತು!"

ಲೆಕ್ಕ ಸರಿಯಾಗಿತ್ತು. ಮೇಷ್ಟ್ರ ಜೀವ ಮಾತ್ರ ಬಾಯಿಗೆ ಬಂತು. ಏಳನೇ ತರಗತಿಯಲ್ಲಿ ಯಾರೂ ಮೂಗಿಗೆ ಏನನ್ನೂ ಹಾಕಿಕೊಂಡವರಿರಲಿಲ್ಲ. ಡಾಕ್ಟರನ್ನು ಕರೆಯಲೋ, ಹುಡುಗನನ್ನೇ ಹೊತ್ತು ಓಡಲೋ ತಿಳಿಯದೆ, ಹಳೆಯ ಅಭ್ಯಾಸದಂತೆ, "ಯಾರೂ ಅಲ್ಲಾಡಬೇಡಿ!" ಎಂದು ಕೂಗಿ ಡಸ್ಟರಿನಿಂದ ಮೇಜು ಬಡಿದರು. ಸೀಮೆಸುಣ್ಣದ ಪುಡಿ ಮೋಡದಂತೆ ಎದ್ದಿತು. ಪಿಳಿಪಿಳಿ ಒಮ್ಮೆ ಮೂಗು ಅರಳಿಸಿ, ಬಾಯಿ ತೆರೆದು, "ಆ... ಆಕ್ಷೀ!" ಎಂದು ಸೀನಿದ. ನೀಲಿ ಗುಂಡಿ ಹಾರಿ ಬಂದು ಮೇಷ್ಟ್ರ ಕನ್ನಡಕಕ್ಕೆ ಟಣ್ಣೆಂದು ಬಡಿಯಿತು.

"ಈಗ ಹತ್ತು!" ಎಂದು ಇಡೀ ತರಗತಿ ಕೂಗಿತು.

ಮೇಷ್ಟ್ರು ನೇರವಾಗಿ ಹೆಡ್ ಮೇಡಂ ಕೋಣೆಗೆ ಹೋದರು. ತಲೆ, ಹುಬ್ಬು, ಮೀಸೆಯ ಮೇಲೆಲ್ಲ ಬಿಳಿಪುಡಿ.

"ಮೇಡಂ, ನನ್ನನ್ನ ಏಳನೇ ತರಗತಿಗೆ ವಾಪಸ್ ಹಾಕಿ. ನನ್ನಿಂದ ಆಗಲ್ಲ."

"ಹತ್ತು ನಿಮಿಷದ ಕೆಲಸ ಅಂದಿದ್ರಿ?"

ಮೇಷ್ಟ್ರು ಮೀಸೆಯ ಪುಡಿ ಒರೆಸಿಕೊಳ್ಳುತ್ತ ಗುಂಡಿಯ ಕಥೆಯನ್ನೆಲ್ಲ ಹೇಳಿದರು.

"ಹುಡುಗ ಹುಷಾರಾಗಿದಾನಾ?"

"ಇದಾನೆ."

"ಕಳೆಯೋ ಲೆಕ್ಕ ಬಂತಾ?"

"ಬಂತು."

"ಮತ್ತಿನ್ನೇನ್ರೀ? ಹೋಗಿ. ಗುಂಡಿ ಮಾತ್ರ ಇನ್ಮೇಲೆ ಮೂಗಿಗಿಂತ ದೊಡ್ಡದಾಗಿರಲಿ."

ಮುಂದಿನ ವಾರ 'ಭಾರ-ಹಗುರ' ಪಾಠ. ಈ ಸಲ ಮೇಷ್ಟ್ರು ಜಾಣರಾದರು. ಯಾರ ಮೂಗಿಗೂ ಹೋಗದ ವಸ್ತುವೆಂದರೆ ಮಕ್ಕಳೇ ಎಂದು ಯೋಚಿಸಿ ಎಲ್ಲರನ್ನೂ ಅಂಗಳದ ಏರಿಳಿ ಹಲಗೆಯ ಹತ್ತಿರ ಕರೆದೊಯ್ದರು. ಉದ್ದ ಹಲಗೆಯ ಎರಡು ತುದಿಗೆ ಇಬ್ಬರು ಕೂತರೆ ಭಾರದವರು ಕೆಳಗೆ, ಹಗುರದವರು ಮೇಲೆ. ಪಾಠ ನೀರು ಕುಡಿದಷ್ಟು ಸಲೀಸಾಗಿ ಸಾಗಿತು. ಮಕ್ಕಳು ಮೊದಲೇ ಊಹಿಸಿ ಹೇಳುವುದು, ಆಮೇಲೆ ಕೂತು ನೋಡುವುದು. ಆಗ ಹಲ್ಲಿಲ್ಲದ ಹುಡುಗಿ ಕೇಳಿದಳು:

"ಸಾರ್, ನೀವು ಭಾರನಾ, ಹೆಡ್ ಮೇಡಂ ಭಾರನಾ?"

ಮೇಷ್ಟ್ರು ಸುತ್ತ ನೋಡಿದರು. "ಅಂಥದ್ದೆಲ್ಲ ಕೇಳಬಾರದು."

"ಯಾಕೆ?"

ಅಷ್ಟರಲ್ಲಿ ಮಕ್ಕಳಲ್ಲಿ ಎರಡು ಪಕ್ಷವಾಗಿತ್ತು. "ಸಾರೇ ಭಾರ, ಅವರ ದನಿ ದೊಡ್ಡದು" ಎಂದು ಒಂದು. "ಮೇಡಮ್ಮೇ, ಅವರ ಹತ್ರ ಎಷ್ಟೊಂದು ಬೀಗದ ಕೈ ಇದೆ" ಎಂದು ಇನ್ನೊಂದು. ಪಿಳಿಪಿಳಿ ಯಾವಾಗ ಜಾಗ ಖಾಲಿ ಮಾಡಿದನೋ ಯಾರೂ ನೋಡಲಿಲ್ಲ. ಮೇಷ್ಟ್ರು ತಲೆಯೆತ್ತಿದಾಗ ಅವನು ಹೆಡ್ ಮೇಡಂ ಅವರ ಕಿರುಬೆರಳು ಹಿಡಿದು ಅಂಗಳದಲ್ಲಿ ಬರುತ್ತಿದ್ದ.

"ಏನೋ ಅನುಮಾನ ಬಗೆಹರಿಸಬೇಕಂತಲ್ಲ?" ಎಂದರು ಮೇಡಂ.

"ಮಕ್ಕಳು ಮೇಡಂ... ಬುದ್ಧಿ ಇಲ್ಲ... ನಾನು ಹೇಳಿದೆ..." ಮೇಷ್ಟ್ರ ಗುಡುಗು ಗಂಟಲಲ್ಲೇ ಇಂಗಿಹೋಯಿತು.

ಹೆಡ್ ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀಗದ ಕೈ ಗೊಂಚಲು ಬಿಚ್ಚಿ ಹುಡುಗನ ಕೈಗೆ ಕೊಟ್ಟರು. "ಇದರ ಭಾರ ಸೇರಿಸೋದು ಅನ್ಯಾಯ. ಮೇಷ್ಟ್ರೇ, ಕೂತ್ಕೊಳ್ಳಿ."

ಮೇಷ್ಟ್ರು ಒಂದು ತುದಿಯಲ್ಲಿ ಕೂತರು. ಮೇಡಂ ಇನ್ನೊಂದು ತುದಿಯಲ್ಲಿ, ಸಭೆಯಲ್ಲಿ ಕುರ್ಚಿ ಅಲಂಕರಿಸುವಂತೆ, ನಿಧಾನವಾಗಿ ಆಸೀನರಾದರು. ಮೇಷ್ಟ್ರು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಕಾಶದಲ್ಲಿದ್ದರು. ಒಂದು ಚಪ್ಪಲಿ ಕಳಚಿ ಕೆಳಗೆ ಬಿತ್ತು. ಮೇಲಿನ ಮಹಡಿಯ ಕಿಟಕಿಗಳಿಂದ ಏಳನೇ ತರಗತಿಯ ತಲೆಗಳೆಲ್ಲ ಹೊರಗೆ ಬಂದವು.

"ಸಾರ್, ಹಲಗೆ ಗಟ್ಟಿಯಾಗಿ ಹಿಡ್ಕೊಳ್ಳಿ!"

ಮೇಲೆ ನೇತಾಡುತ್ತ ಮೇಷ್ಟ್ರಿಗೆ ಇಬ್ಬಗೆಯ ಯೋಚನೆ ಬಂತು: ಅಳಬೇಕು, ಇಲ್ಲವೆ ಪಾಠ ಮಾಡಬೇಕು. ಅವರು ಮೇಷ್ಟ್ರು, ಪಾಠ ಮಾಡಿದರು.

"ಈಗ ನನ್ನ ಕಡೆ ಹಗುರ ಇದೆ. ಸಮ ಆಗ್ಬೇಕಾದ್ರೆ ಏನ್ ಮಾಡ್ಬೇಕು?"

"ಸೇರಿಸ್ಬೇಕು!"

ಜವಾನ ಒಬ್ಬೊಬ್ಬರನ್ನೇ ಎತ್ತಿ ಮೇಷ್ಟ್ರ ಹಿಂದೆ ಮುಂದೆ ಕೂರಿಸಿದ. ಒಬ್ಬಳು ಬಂದಳು, ಹಲಗೆ ಅಲುಗಿತು. ಇನ್ನೊಬ್ಬ ಬಂದ, ಹಲಗೆ ತೂಗಿತು. ಪಿಳಿಪಿಳಿ ಹತ್ತಿದ ಕೂಡಲೇ ಎರಡು ತುದಿಯೂ ಸಮಕ್ಕೆ ಬಂದು ನಿಂತವು. ಅಂಗಳವೆಲ್ಲ ಕೇಕೆ. ಹೆಡ್ ಮೇಡಂ ಬಾಯಿಗೆ ಸೆರಗು ಒತ್ತಿಕೊಂಡು ನಗಲು ಶುರುಮಾಡಿದವರು ನಿಲ್ಲಿಸಲಾರದೆ ಹೋದರು. ಅವರು ನಕ್ಕಾಗಲೆಲ್ಲ ಈ ಕಡೆಯ ನಾಲ್ವರೂ ಕುಲುಕಾಡಿದರು.

ಮಧ್ಯಾಹ್ನ ಒಂದನೇ ತರಗತಿಯ ಕರಿಹಲಗೆಯ ಮೇಲೆ ದೊಡ್ಡ ಸೊಟ್ಟ ಅಕ್ಷರಗಳಲ್ಲಿ ಹೀಗಿತ್ತು: 'ಒಂದು ಸಾರ್ + ಮೂರು ಮಕ್ಕಳು = ಒಂದು ಮೇಡಂ.' ಹೆಡ್ ಮೇಡಂ ಬಂದು ಓದಿದರು. ಅಳಿಸುತ್ತಾರೇನೋ ಎಂದು ಎಲ್ಲರೂ ಕಾದರು.

"ಪಿಳಿಪಿಳಿ ಜೇಬಲ್ಲಿ ನನ್ನ ಬೀಗದ ಕೈ ಇತ್ತು," ಎಂದರು ಅವರು. "ನೆನಪಿರಲಿ." ಅಷ್ಟೇ ಹೇಳಿ ಹೋದರು.

ಕೆಲವು ತಿಂಗಳ ಮೇಲೆ ರಜೆಯ ಟೀಚರ್ ಕೆಲಸಕ್ಕೆ ಮರಳಿದರು. ಮೇಷ್ಟ್ರು ಹೆಡ್ ಮೇಡಂ ಬಾಗಿಲಲ್ಲಿ ಕತ್ತು ಕೆರೆಯುತ್ತ ನಿಂತರು.

"ಏಳನೇ ತರಗತಿ ನಿಮಗೆ ವಾಪಸ್. ಖುಷಿನಾ?"

"ಖುಷಿನೇ ಮೇಡಂ. ಆದ್ರೆ ಅಲ್ಲಿ ಯಾರೂ ಏನೂ ಕೇಳಲ್ಲ. ನಾನು ಹೇಳಿದ್ದನ್ನ ಬರ್ಕೊಂಡು ಸುಮ್ನಿರ್ತಾರೆ."

ಪಕ್ಕದಲ್ಲಿದ್ದ ಟೀಚರ್ ನಡುವೆ ಬಾಯಿ ಹಾಕಿದರು. "ಮೇಡಂ, ಆ ಏಳನೇ ತರಗತಿ ನನಗೆ ಕೊಟ್ಬಿಡಿ. ಮನೇಲೂ ಕೂಸು, ಇಲ್ಲೂ ಕೂಸು ಅಂದ್ರೆ ದೊಡ್ಡ ಮಾತೇ ಮರ್ತುಹೋಗುತ್ತೆ ನಂಗೆ."

ಹೀಗೆ ಗುಡುಗು ಮೇಷ್ಟ್ರು ಒಂದನೇ ತರಗತಿಯಲ್ಲೇ ಉಳಿದರು. ಹೊಸ ಶಾಲಾವರ್ಷದ ಮೊದಲ ದಿನ ಒಂದು ಪುಟ್ಟ ಹುಡುಗಿಯನ್ನು ಬಿಡಲು ಬಂದ ತಾಯಿ ಬಾಗಿಲಲ್ಲೇ ನಿಂತು ಬಿಕ್ಕಿಬಿಕ್ಕಿ ಅಳುತ್ತಿದ್ದರು. ಮಗಳು ಆಗಲೇ ಮರದ ತುಂಡುಗಳಿಂದ ಮನೆ ಕಟ್ಟುತ್ತಿದ್ದಳು.

"ಅಮ್ಮಾ, ಹೋಗು," ಎಂದಳು ಅವಳು.

ಅಮ್ಮ ಹೋಗಲಿಲ್ಲ. ಮೇಷ್ಟ್ರು ಒಂದು ಪುಟ್ಟ ಕುರ್ಚಿ ಎಳೆದು ಹಾಕಿದರು. "ಬನ್ನಿ ತಾಯಿ, ಕೂತ್ಕೊಳ್ಳಿ." ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತ ಆ ತಾಯಿ ಒಂದು ಹೂವಿಗೆ ಬಣ್ಣ ಹಚ್ಚಿದರು, ಕಥೆ ಕೇಳಿದರು, ಮೇಷ್ಟ್ರು ಬೆಕ್ಕಿನಂತೆ ಕೂಗಿದಾಗ ಎಲ್ಲರಿಗಿಂತ ಜೋರಾಗಿ ನಕ್ಕರು. ಮರುದಿನ ಗಂಟೆ ಹೊಡೆಯುವ ಮೊದಲೇ ಬಂದು ಅದೇ ಕುರ್ಚಿ ಹಿಡಿದರು. ಅದರ ಮರುದಿನವೂ ಬಂದಾಗ ಮೇಷ್ಟ್ರು ಅವರನ್ನು ಪಕ್ಕಕ್ಕೆ ಕರೆದು ತುಂಬ ಮೆಲುದನಿಯಲ್ಲಿ ಹೇಳಿದರು:

"ತಾಯಿ, ನೀವು ಪಾಸು. ಇನ್ನು ಧೈರ್ಯವಾಗಿ ಮನೆಗೆ ಹೋಗಿ."