ಸೇವಂತಿಗೆ ಅಂತ ಉಳಿಸಿಕೊಂಡ ಗಿಡ

ಕಳೆ ಕೀಳುವುದನ್ನು ನಮ್ಮ ಮನೆಯಲ್ಲಿ ಯಾರೂ ಕೆಲಸ ಅಂತ ಕರೆಯುತ್ತಿರಲಿಲ್ಲ. ಅವ್ವ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಹಿತ್ತಲಿಗೆ ಹೋಗಿ ಬರುತ್ತಿದ್ದಳು, ಅಷ್ಟೇ. ಬರುವಾಗ ಸೆರಗಿನಲ್ಲಿ ಒಂದಿಷ್ಟು ಹಸಿರು, ಉಗುರಲ್ಲಿ ಮಣ್ಣು. ಕಿತ್ತದ್ದರಲ್ಲಿ ತಿನ್ನುವಂಥ ಸೊಪ್ಪು ಸಾರಿಗೆ, ಉಳಿದದ್ದು ತಿಪ್ಪೆಗೆ. ಶಿರಾದ ಆ ಬಾಡಿಗೆ ಮನೆಯ ಹಿತ್ತಲು ದೊಡ್ಡದೇನಲ್ಲ. ಒಂದು ಸಾಲು ಕನಕಾಂಬರ, ಒಂದು ಸಾಲು ಸೇವಂತಿಗೆ, ಬೇಲಿಗೆ ಹೀರೆಬಳ್ಳಿ, ಬಚ್ಚಲ ನೀರು ಹರಿಯುವಲ್ಲಿ ಎರಡು ಬಾಳೆ. ಆದರೆ ಬೇಡದ ಒಂದು ಗಿಡವನ್ನು ಯಾರಾದರೂ ಅಲ್ಲಿ ಹುಡುಕಿ ತೋರಿಸಲಿ ನೋಡೋಣ! ಕಳ್ಳಂಬೆಳ್ಳದ ಕೆರೆ ಕೆಳಗಿನ ಗದ್ದೆಗಳಲ್ಲಿ ಕಳೆ ಕಿತ್ತುಕೊಂಡೇ ಬೆಳೆದವಳು ಅವ್ವ. "ದಿನಾ ವಸಿ ಕಿತ್ರೆ ಒಂದಿನಾನೂ ಜಾಸ್ತಿ ಕೀಳಂಗಿರಲ್ಲ ಕಣಮ್ಮ" ಎನ್ನುತ್ತಿದ್ದಳು. ಓದುವ ಹುಡುಗಿಯಾದ ನನಗೆ ಆ ಮಾತು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತಿತ್ತು.

ಅಂಥವಳು ಒಂದು ಗಿಡದ ವಿಷಯದಲ್ಲಿ ಮೋಸಹೋದಳು. ಎಪ್ಪತ್ತರ ದಶಕದ ನಡುವಿನ ಮಾತು. ಗಾಳಿಯಲ್ಲಿ ಬಂತೋ, ಗೊಬ್ಬರದ ಗಾಡಿಯಲ್ಲಿ ಬಂತೋ, ಸೇವಂತಿಗೆಯ ಸಾಲಿನಲ್ಲಿ ಒಂದು ಸಸಿ ಹುಟ್ಟಿತು. ಎಲೆ ಥೇಟ್ ಸೇವಂತಿಗೆಯದೇ. ಅವ್ವ ಅದರ ಸುತ್ತಲಿನ ಕಳೆಯನ್ನೆಲ್ಲ ಕಿತ್ತು ಅದನ್ನು ಮಾತ್ರ ಉಳಿಸಿದಳು. ಪಾತ್ರೆ ತೊಳೆದ ನೀರು ಹಾಕಿದಳು. ಹೂ ಬಿಟ್ಟಾಗ ನೋಡಿದರೆ ಅಕ್ಕಿನುಚ್ಚಿನಷ್ಟು ಸಣ್ಣ ಬಿಳಿ ಹೂ. ಸೇವಂತಿಗೆ ಅಲ್ಲ ಅಂತ ಗೊತ್ತಾದರೂ ಕೀಳಲು ಮನಸ್ಸು ಬರಲಿಲ್ಲ. ನೀರಿಗೆ ಅಷ್ಟು ತತ್ವಾರವಿದ್ದ ಊರಿನಲ್ಲಿ ಕೇಳದೆ ಬೆಳೆದು, ಕೇಳದೆ ಹೂ ಬಿಡುವ ಗಿಡವನ್ನು ಯಾರು ತಾನೇ ಬೇಡವೆನ್ನುತ್ತಾರೆ? ಕನಕಾಂಬರದ ನಡುನಡುವೆ ಆ ಬಿಳಿಯನ್ನು ಸೇರಿಸಿ ಕಟ್ಟಿ ದೇವರಿಗೂ ಏರಿಸಿದಳು, ನನ್ನ ಜಡೆಗೂ ಮುಡಿಸಿದಳು.

ಮುಂದಿನ ಮಳೆಗೆ ಅದು ಹಿತ್ತಲಿಗೆಲ್ಲ ಹಬ್ಬಿತು. ಊರಿನವರು ಅದಕ್ಕೆ ಕಾಂಗ್ರೆಸ್ ಗಿಡ ಎನ್ನತೊಡಗಿದ್ದರು. ಪಕ್ಕದ ಮನೆಯಲ್ಲಿ ಅತ್ತರು ಮಾರುವವರ ತಾಯಿ, ವಯಸ್ಸಾದ ಹೆಂಗಸು, ಆಡು ಸಾಕಿದ್ದರು. ಆ ಆಡುಗಳು ಕೂಡ ಮೂಸಿ ನೋಡಿ ಮುಖ ತಿರುಗಿಸುತ್ತಿದ್ದವು. ಆಗಲಾದರೂ ನಮಗೆ ಅನುಮಾನ ಬರಬೇಕಿತ್ತು. ಅವ್ವ ಈಗ ಅದನ್ನೂ ಕಳೆಯ ಲೆಕ್ಕಕ್ಕೆ ಸೇರಿಸಿ ದಿನವೂ ಬರಿಗೈಯಲ್ಲಿ ಕೀಳತೊಡಗಿದಳು.

ತುರಿಕೆ ಮೊದಲು ಮೊಣಕೈ ಮಡಿಕೆಯಲ್ಲಿ ಶುರುವಾಯಿತು. ಆಮೇಲೆ ಕುತ್ತಿಗೆ, ಆಮೇಲೆ ಕಣ್ಣಿನ ರೆಪ್ಪೆ. ಬೆಳಿಗ್ಗೆ ಎದ್ದರೆ ರೆಪ್ಪೆ ಊದಿಕೊಂಡು ಕಣ್ಣು ಬಿಡಲಾಗುತ್ತಿರಲಿಲ್ಲ. ಚರ್ಮ ಕಪ್ಪಾಗಿ, ದಪ್ಪಗಾಗಿ, ಸೀಳಿ ನೀರು ಸೋರುತ್ತಿತ್ತು. ನೋಡಿದವರೆಲ್ಲ ನಂಜು ಎಂದರು. ನಂಜು ಅಂದ ಮೇಲೆ ಪಥ್ಯ. ಬದನೆಕಾಯಿ ಬಿಟ್ಟಳು, ಕುಂಬಳ ಬಿಟ್ಟಳು, ಕಡಲೆಕಾಯಿ ಬಿಟ್ಟಳು, ಅವರೆಕಾಯಿ ಕಾಲದಲ್ಲಿ ನಮಗೆಲ್ಲ ಬಡಿಸಿ ತಾನು ಮಜ್ಜಿಗೆ ಕಲಸಿಕೊಂಡು ಉಂಡಳು. ಬೇವು, ಅರಿಶಿನ ಅರೆದು ಹಚ್ಚಿಕೊಂಡಳು. ಬಾಯಿಗೆ ರುಚಿಯಾದದ್ದನ್ನೆಲ್ಲ ಬಿಟ್ಟಳು, ಹಿತ್ತಲನ್ನು ಮಾತ್ರ ಬಿಡಲಿಲ್ಲ. ಈಗಲೂ ನೆನೆಸಿಕೊಂಡರೆ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಅಂತ ಗೊತ್ತಾಗುವುದಿಲ್ಲ.

ಕೊನೆಗೆ ಅಪ್ಪ ತುಮಕೂರಿನ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಜೊತೆಗೆ ನಾನೂ ಹೋಗಿದ್ದೆ.

"ಏನು ಕೆಲಸ ಮಾಡ್ತೀರಮ್ಮ?" ಡಾಕ್ಟರು ಕೇಳಿದರು.

"ಏನೂ ಇಲ್ಲ ಸ್ವಾಮಿ, ಮನೇಲೇ ಇರ್ತೀನಿ" ಎಂದಳು ಅವ್ವ.

"ಕೆಲ್ಸ ಏನಿಲ್ಲ ಸಾರ್. ನಾನು ಅವಳನ್ನ ಆಚೆಗೇ ಕಳ್ಸಲ್ಲ" ಎಂದ ಅಪ್ಪ, ದೊಡ್ಡಸ್ತಿಕೆಯಿಂದ.

ಡಾಕ್ಟರು ಚೀಟಿ ಬರೆಯತೊಡಗಿದರು. ನನಗೆ ಮೈಯೆಲ್ಲ ಉರಿಯಿತು. "ದಿನಾ ಕಳೆ ಕೀಳ್ತಾಳೆ ಸಾರ್" ಎಂದುಬಿಟ್ಟೆ, ಸ್ವಲ್ಪ ಜೋರಾಗಿಯೇ. ಅವರು ಪೆನ್ನು ಕೆಳಗಿಟ್ಟರು.

"ಬಿಳೀ ಹೂವಿನ ಗಿಡಾನಾ? ಬರಿಗೈಯಲ್ಲಾ?"

ಅವ್ವ ಏನೋ ತಪ್ಪು ಮಾಡಿದವಳ ಹಾಗೆ ತಲೆಯಾಡಿಸಿದಳು. ಅದನ್ನು ಮುಟ್ಟಲೇಬಾರದು, ಹತ್ತಿರವೂ ಸುಳಿಯಬಾರದು, ಅದರ ಹೂವಿನ ಪುಡಿ ಗಾಳಿಯಲ್ಲಿ ಬಂದು ಮೈಮೇಲೆ ಬಿದ್ದರೂ ಸಾಕು, ಹೀಗೇ ಬಿಟ್ಟರೆ ಜನ್ಮಪೂರ್ತಿ ಹೋಗುವುದಿಲ್ಲ ಎಂದರು. ಮುಲಾಮು ಕೊಟ್ಟರು. ಬದನೆಕಾಯಿ ತಿನ್ನಿ, ಏನೂ ಆಗುವುದಿಲ್ಲ ಎಂದರು.

ವಾಪಸು ಬರುವ ಬಸ್ಸಿನಲ್ಲಿ ಅವ್ವ ಕೇಳಿದಳು: "ಅಂಗಾದ್ರೆ ನಾನು ಹಿತ್ಲಿಗೇ ಹೋಗಂಗಿಲ್ವಾ?"

"ಹೋಗಂಗಿಲ್ಲ" ಎಂದ ಅಪ್ಪ.

ದಾರಿಯ ಎರಡೂ ಕಡೆ ಆ ಬಿಳಿ ಹೂವೇ. ಕಳ್ಳಂಬೆಳ್ಳದ ಕೆರೆ ಏರಿಯ ಮೇಲೂ ಅದೇ. ತನ್ನ ತವರಿನ ಏರಿಯನ್ನು ನೋಡುತ್ತ ಅವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಸಾವಿನ ಮನೆಗಳಲ್ಲಿ ಬಿಟ್ಟರೆ ಅವಳು ಅತ್ತಿದ್ದನ್ನು ನಾನು ನೋಡಿರಲಿಲ್ಲ.

ಅಪ್ಪ ಮಧುಗಿರಿಯ ಮೇಲೆ ಪಾವಗಡಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದ. ದಿನವಿಡೀ ಕನ್ನಡದಲ್ಲೂ ತೆಲುಗಿನಲ್ಲೂ ಜನರ ಮೇಲೆ ರೇಗಿ ಬಂದು, ಮನೆಯಲ್ಲಿ ಒಂದು ಕಡ್ಡಿ ಎತ್ತಿ ಆಚೆ ಇಡದ ಗಂಡಸು. ಅವನು ಮುಂದಿನ ರಜೆಯ ದಿನ ಪಂಚೆ ಎತ್ತಿ ಕಟ್ಟಿ, ಕೈಗಳಿಗೆ ಹಳೆಯ ಕಾಲುಚೀಲ ತೊಟ್ಟು, ಕುಡುಗೋಲು ಹಿಡಿದು ಹಿತ್ತಲಿಗೆ ಇಳಿದ. ಮಧ್ಯಾಹ್ನದೊಳಗೆ ಎಲ್ಲ ಕೊಯ್ದು ನೆಲಸಮ ಮಾಡಿ, ಯುದ್ಧ ಗೆದ್ದು ಬಂದವನ ಹಾಗೆ ಜಗುಲಿಯ ಮೇಲೆ ಕೂತ. ಹದವಾದ ಮಳೆ ಬಿದ್ದದ್ದೇ ತಡ, ಕೊಯ್ದ ಒಂದೊಂದು ಬುಡದಲ್ಲಿ ನಾಲ್ಕಾರು ಕವಲೊಡೆದು ಮೊದಲಿಗಿಂತ ದಟ್ಟವಾಗಿ ಎದ್ದಿತು. ಅವ್ವನ ರೆಪ್ಪೆ ಮತ್ತೆ ಊದಿತು.

"ಕೊಯ್ದ್ರೆ ಆಗಲ್ಲ ಕಣ್ರೀ, ಕೀಳ್ಬೇಕು" ಎಂದಳು ಅವ್ವ, ಮುಚ್ಚಿದ ಕಿಟಕಿಯ ಒಳಗಿನಿಂದ. "ಮಣ್ಣು ಹಸಿಯಾಗಿದ್ದಾಗ, ಹೂವಾಗಕ್ ಮುಂಚೆ, ಬೇರ್ ಸಮೇತ. ಕಿತ್ತಿದ್ ಜಾಗಾನ ಬರಿದಾಗಿ ಬುಡಬ್ಯಾಡಿ, ಏನಾರ ಹಾಕಿ. ದಿನಾ ವಸಿ."

ಅಪ್ಪ ರೇಗಿದ. ಗೊಣಗಿದ. ಆದರೆ ಮಾರನೆಯ ದಿನ ಬಸ್ಸಿಗೆ ಹೋಗುವ ಮೊದಲು ಹಿತ್ತಲಿಗೆ ಹೋದ, ಅದರ ಮಾರನೆಯ ದಿನವೂ ಹೋದ. ನಾನು ಹಿಂದೆ ಹಿಂದೆ ಬುಟ್ಟಿ ಹಿಡಿದು ಹೋಗುತ್ತಿದ್ದೆ. ಬೇರು ಅರ್ಧಕ್ಕೆ ತುಂಡಾದರೆ ಅಪ್ಪ ಅದನ್ನು ಮೋಸ ಮಾಡಿ ಇಳಿದುಹೋದ ಪ್ರಯಾಣಿಕನನ್ನು ಬೈದಂತೆ ಬೈಯುತ್ತಿದ್ದ. ಖಾಲಿಯಾದ ಜಾಗದಲ್ಲಿ ನಾನು ದಂಟಿನ ಬೀಜ ಚೆಲ್ಲಿದೆ. ಎರಡು ವಾರ ಬಗ್ಗಿ ಎದ್ದ ಮೇಲೆ ಸೊಂಟ ಹಿಡಿದುಕೊಂಡು ಅಪ್ಪ ನನ್ನನ್ನು ಕೇಳಿದ: "ಇದನ್ನ ಅವಳು ದಿನಾ ಮಾಡ್ತಿದ್ಲಾ?" ನಾನು ಹೂಂ ಎಂದೆ. ಅವನು ಮತ್ತೆ ಬಗ್ಗಿ ಮುಂದಿನ ಗಿಡಕ್ಕೆ ಕೈಹಾಕಿದ.

ನಮ್ಮ ಹಿತ್ತಲೊಂದನ್ನು ಹಸನು ಮಾಡಿದರೆ ಮುಗಿಯುವುದೇ? ಗಾಳಿ ಎದ್ದರೆ ಪಕ್ಕದ ಹಿತ್ತಲಿನದೂ ಬರುತ್ತಿತ್ತು. ಆ ಮನೆಯ ಗೋಷಾ ಹೆಂಗಸರ ಹಿತ್ತಲಿಗೆ ಅಪ್ಪ ಕಾಲಿಡುವ ಹಾಗಿರಲಿಲ್ಲ. ಕೇಳಲು ನನ್ನನ್ನು ಕಳಿಸಿದ. ಆಡಿನಜ್ಜಿ ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. "ನಿಮ್ಮವ್ವಂದು ಮುಖ ನೋಡಿದ್ರೆ ನಂದು ಎದೆ ಒಳಗೆ ಕಲೇಜ ಉರೀತದೆ ಬೇಟಿ. ನಮ್ ಕಡೇದು ನಾನು ಸಾಫ್ ಮಾಡಿಸ್ತೀನಿ, ನಿಮ್ಮಪ್ಪಂಗೆ ಹೇಳು" ಎಂದರು. ಹೇಳಿದಂತೆ ಮಾಡಿಸಿದರು, ಒಂದು ಸಲವಲ್ಲ, ಪ್ರತಿ ಮಳೆಯ ಹಿಂದೆಯೂ.

ಎಷ್ಟು ಮಳೆಗಾಲ ಹೀಗೆ ಕಳೆದವೋ ನಾನು ಎಣಿಸಿಲ್ಲ. ಸಸಿಗಳು ಕಡಿಮೆಯಾಗುತ್ತ ಬಂದವು, ಪೂರ್ತಿ ನಿಲ್ಲಲಿಲ್ಲ. ನಾನು ಕಾಲೇಜಿಗೆ ಸೇರಿದ ವರ್ಷ ಒಂದು ಸಂಜೆ ಅವ್ವ ಯಾರನ್ನೂ ಕೇಳದೆ ಹಿತ್ತಲ ಬಾಗಿಲು ತೆಗೆದು, ದಂಟಿನ ಮಡಿಯ ಪಕ್ಕದಲ್ಲಿ ಕೂತುಬಿಟ್ಟಳು. ಕತ್ತಲಾಗುವ ತನಕ ಕೂತಿದ್ದಳು. ಒಳಗೆ ಬಾ ಎನ್ನುವ ಧೈರ್ಯ ನನಗೂ ಇರಲಿಲ್ಲ, ಅಪ್ಪನಿಗೂ ಇರಲಿಲ್ಲ.

ಬೆಳಿಗ್ಗೆ ಅಪ್ಪ ನನಗಿಂತ ಮೊದಲೇ ಅವಳ ಹಾಸಿಗೆಯ ಪಕ್ಕ ಬಂದು ನಿಂತಿದ್ದ. ಅವ್ವ ಕಣ್ಣು ಬಿಟ್ಟಳು. ಸರಾಗವಾಗಿ ಬಿಟ್ಟಳು. ರೆಪ್ಪೆ ಊದಿರಲಿಲ್ಲ. ಮುಟ್ಟಿ ನೋಡಿಕೊಂಡಳು, ಮತ್ತೆ ಮುಟ್ಟಿ ನೋಡಿಕೊಂಡಳು. ನನಗೆ ಅಳು ತಡೆಯಲಾಗಲಿಲ್ಲ. ಅವ್ವ ಮಾತ್ರ ಹಿಗ್ಗಲಿಲ್ಲ. ಕಳೆಯ ಸ್ವಭಾವ ಅವಳಿಗೆ ಗೊತ್ತು.

"ಬೀಜ ಇನ್ನೂ ಮಣ್ಣಾಗೇ ಅವೆ ಕಣ್ರೀ" ಎಂದಳು. "ಮಳೆ ಬಂದಂಗೆಲ್ಲ ಹುಟ್ತಾನೇ ಇರ್ತವೆ. ಇದು ಮುಗಿಯೋ ಕೆಲ್ಸ ಅಲ್ಲ."

ಅವಳ ಬಾಯಲ್ಲಿ ಕೆಲಸ ಎಂಬ ಮಾತು ಬಂದದ್ದನ್ನು ನಾನು ಆಗ ಮೊದಲ ಸಲ ಕೇಳಿಸಿಕೊಂಡೆ. ಅಪ್ಪ ಆಗಲೇ ಪಂಚೆ ಎತ್ತಿ ಕಟ್ಟುತ್ತಿದ್ದ.

"ಹುಟ್ಲಿ ಬುಡೆ" ಎಂದ. "ನಾನೇನು ಎಲ್ಲಿಗಾದ್ರೂ ಹೋಗ್ತೀನಾ?"