ಹಿಂದಿನ ಸೀಟಿಲ್ಲದ ಕಾರಿನ ಬೆಲೆ

ಕಾರಿನ ಬಣ್ಣ ಕಿತ್ತಳೆ ಎಂದು ನನ್ನ ನೆನಪು. ಅಮ್ಮನನ್ನು ಕೇಳಿದರೆ ಕೆಂಪು ಅನ್ನುತ್ತಾಳೆ. ಆರ್‌ಸಿ ತೆಗೆದು ನೋಡಿದರೆ ಬಿಳಿ ಎಂದಿದೆ. ಮೂರೂ ನಿಜವಿರಬಹುದು, ಏಕೆಂದರೆ ನನ್ನ ತಮ್ಮ ಅದರ ಮೈಮೇಲಿನ ಸ್ಟಿಕ್ಕರನ್ನು ಬದಲಿಸುತ್ತಿದ್ದಷ್ಟು ಸಲ ತನ್ನ ಬನಿಯನ್ ಬದಲಿಸುತ್ತಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ನಾನು ಕಲಿತದ್ದು ಒಂದೇ: ಕಣ್ಣಾರೆ ಕಂಡೆ ಅನ್ನುವವರನ್ನು ಸುಲಭಕ್ಕೆ ನಂಬಬಾರದು, ಅದರಲ್ಲೂ ಕಂಡವಳು ನಾನೇ ಆಗಿದ್ದರೆ. ದಿನಚರಿ ಬರೆಯುವ ಅಭ್ಯಾಸವೇನೋ ಇದೆ. ಆದರೆ ಆ ದಿನಗಳ ಪುಟಗಳಲ್ಲಿ "ಕಾರು. ಬಿಸಿಲು. ತಲೆನೋವು" ಎಂದಷ್ಟೇ ಬರೆದಿದ್ದೇನೆ. ಹಾಗಾಗಿ ಯಾವ ಊರಿಗೆ ಯಾವ ವಾರ ಹೋದೆವು, ಯಾರ ಮಾತು ಮೊದಲು ಎಂಬುದು ಇಲ್ಲಿ ಹಿಂದುಮುಂದಾಗಿರಬಹುದು. ಅಮ್ಮ ಕಾರಿನೊಳಗೆ ಸಿಕ್ಕಿಕೊಂಡದ್ದು ಮಾತ್ರ ಖಂಡಿತ ನಡೆದದ್ದು. ಅದಕ್ಕೆ ನಮ್ಮ ಇಡೀ ಬೀದಿಯೇ ಸಾಕ್ಷಿ.

ನಮ್ಮ ಮನೆ ಕೋಲಾರದಲ್ಲಿ. ತಮ್ಮನಿಗೆ ಮಾಲೂರಿನ ಕಾರ್ಖಾನೆಯೊಂದರಲ್ಲಿ ಕೆಲಸ. ಸಂಬಳ ಕೈಗೆ ಬರತೊಡಗಿದ ಮೇಲೆ ಅವನು ಒಂದು ಹಳೆಯ ಹ್ಯಾಚ್‌ಬ್ಯಾಕ್ ಕೊಂಡ. ಪುಟ್ಟ ಕಾರು, ಅದರ ಗಾತ್ರಕ್ಕೆ ಮೀರಿದ ಎಂಜಿನ್ನು. ಇದ್ದ ಹಾಗೇ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಕಾರು ಓಡಿದರೆ ಸಾಲದು, ಓಡುತ್ತಿದೆ ಎಂದು ಬಂಗಾರಪೇಟೆಯವರೆಗೂ ಕೇಳಿಸಬೇಕು ಎಂಬುದು ಅವನ ಸಿದ್ಧಾಂತ. ಸೈಲೆನ್ಸರ್ ಬದಲಾಯಿತು. ಸ್ಪ್ರಿಂಗ್ ಬದಲಾಗಿ ಕಾರಿನ ಹೊಟ್ಟೆ ನೆಲಕ್ಕೆ ತಾಗುವಷ್ಟು ಇಳಿಯಿತು. ಗಾಲಿಗಳು ಹೋಗಿ ಮಿಂಚುವ ಅಗಲದ ಗಾಲಿಗಳು ಬಂದವು. ಮುಂದೆ ರೇಸಿನವರು ಕೂರುವಂಥ, ಬೋಗುಣಿಯ ಹಾಗೆ ತಗ್ಗಾದ ಸೀಟುಗಳು. ಕೊನೆಗೆ, ಭಾರ ಕಡಿಮೆಯಾಗಲಿ ಎಂದು ಹಿಂದಿನ ಸೀಟನ್ನು ಕಿತ್ತು, ಆ ಜಾಗದಲ್ಲಿ ಅದರ ಎರಡರಷ್ಟು ಭಾರದ ಸ್ಪೀಕರ್ ಪೆಟ್ಟಿಗೆ ಕೂರಿಸಿದ. ನಾನು ವಿಜ್ಞಾನ ಓದಿದವಳಲ್ಲ.

ಅಮ್ಮನ ಒಂದು ಮಂಡಿ ಈಗ ಸರಿಯಾಗಿ ಮಡಚುವುದಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾಗದು. ಅವಳಿಗಿದ್ದ ಆಸೆ ಒಂದೇ: ಗೌನಿಪಲ್ಲಿಯಲ್ಲಿರುವ ತನ್ನ ಅಕ್ಕನನ್ನು, ಅಂದರೆ ನಮ್ಮ ದೊಡ್ಡಮ್ಮನನ್ನು ನೋಡಬೇಕು. ಹಿಂದಿನ ಮಾವಿನ ಕಾಲದಲ್ಲಿ ನೋಡಿದ್ದು. ದೊಡ್ಡಮ್ಮನ ಮಂಡಿಗಳೂ ಅದೇ ಮನೆತನದವು, ಅವಳೂ ಜಗುಲಿ ಬಿಟ್ಟು ಇಳಿಯುವುದಿಲ್ಲ. ಅಕ್ಕತಂಗಿಯರು ದಿನಾ ಸಂಜೆ ಫೋನಿನಲ್ಲಿ ನೋವು ಹೋಲಿಸಿಕೊಳ್ಳುತ್ತಾರೆ.

ಒಂದು ಬೆಳಿಗ್ಗೆ ಅಮ್ಮ ರೇಷ್ಮೆ ಸೀರೆ ಉಟ್ಟು ಹೊರಟೇಬಿಟ್ಟಳು. ಮುಂದಿನ ಸೀಟಿನೊಳಗೆ ಅವಳನ್ನು ಹೇಗೋ ಇಳಿಸಿದೆವು. ಬೀದಿಯ ಕೊನೆಯ ಹಂಪ್ ಮೇಲೆ ಕಾರಿನ ಹೊಟ್ಟೆ ಕರ್ರೆಂದು ಉಜ್ಜಿತು. ಅಮ್ಮ ಕಿರುಚಿದಳು. ಇಳಿಸಿ ಅಂದಳು. ಇಳಿಯಲು ಬರಲಿಲ್ಲ. ತಮ್ಮ ಕಂಕುಳಿಗೆ ಕೈ ಹಾಕಿದ, ಎದುರುಮನೆಯವರು ಮೊಣಕೈ ಹಿಡಿದರು, ಬಾವಿಗೆ ಬಿದ್ದ ಕೊಡ ಎತ್ತುವ ಹಾಗೆ ಎಳೆದರು.

"ಅಯ್ಯೋ ಬಿಡ್ರೋ, ಕಾಲು ಒಳಗೇ ಉಳ್ಕೊಂತು!"

ಹೊರಗೆ ಬಂದ ಮೇಲೆ ಸೆರಗು ಸರಿಮಾಡಿಕೊಂಡು ತಮ್ಮನಿಗೆ ಹೇಳಿದಳು: "ಹಿಂದ್ಗಡೆ ಸೀಟಿದ್ದು, ಕಾಲು ಚಾಚ್ಕೊಂಡು ಕೂರೋ ಹಂಗಿದ್ರೆ ಬರ್ತೀನಿ. ಇಲ್ದಿದ್ರೆ ನನ್ ಹೆಣಾನೂ ಇದ್ರೊಳಗೆ ಹಾಕ್ಬೇಡ ಕಣೋ."

ಬಾಡಿಗೆ ಕಾರು ಮಾಡೋಣ ಎಂದೆ ನಾನು, ಓದಿದವರಿಗೆ ಹೊಳೆಯುವಂಥ ಸರಳ ಪರಿಹಾರ. ಅಮ್ಮ ನನ್ನನ್ನು ಕನಿಕರದಿಂದ ನೋಡಿದಳು.

"ಮನೆ ಮುಂದೆ ಕಾರ್ ನಿಲ್ಸ್ಕೊಂಡು ಬಾಡಿಗೆ ಕಾರಲ್ಲಿ ಹೋಗಿ ಇಳೀಲಾ? ಕಂತು ಕಟ್ಟಿಲ್ಲ ಅಂತ ಬ್ಯಾಂಕ್‌ನೋರು ಎಳ್ಕೊಂಡು ಹೋದ್ರು ಅಂತಾರೆ ಅಕ್ಕನ ಸೊಸೇರು."

ಹಾಗೆ, ಈ ಕಾರನ್ನು ಮಾರಿ ಅಮ್ಮ ಕೂರುವಂಥ ಕಾರು ಕೊಳ್ಳುವುದೆಂದು ತೀರ್ಮಾನವಾಯಿತು. ಈಗ ಬೆಲೆ ಕಟ್ಟಬೇಕು. ತಮ್ಮನ ಲೆಕ್ಕ ಸುಲಭದ್ದು: ಕಾರು ಕೊಂಡ ಬೆಲೆ, ಅದರ ಮೇಲೆ ತಾನು ಹಾಕಿಸಿದ ಪ್ರತಿಯೊಂದರ ಬೆಲೆ, ಅದರ ಮೇಲೆ ತನ್ನ ಪ್ರೀತಿ. ಕಾಲ ಕಳೆದಂತೆ ಕಾರಿನ ಬೆಲೆ ಏರುತ್ತದೆಂದು ನಂಬಿದ ಮನುಷ್ಯನನ್ನು ನಾನು ಅವನಲ್ಲೇ ಮೊದಲು ಕಂಡದ್ದು. ಮದುವೆಯಲ್ಲಿ ಆರ್ಕೆಸ್ಟ್ರಾಕ್ಕೆ ಸುರಿದ ದುಡ್ಡನ್ನು ವಿಚ್ಛೇದನದಲ್ಲಿ ವಾಪಸ್ ಕೇಳಿದ ಹಾಗಿತ್ತು.

ಮೊದಲು ಹೋದದ್ದು ಮಾಲೂರಿಗೆ, ಹಳೇ ಕಾರಿನ ವ್ಯಾಪಾರಿಯೊಬ್ಬರ ಬಳಿಗೆ. ದಾರದಲ್ಲಿ ಕಟ್ಟಿದ ಕನ್ನಡಕವನ್ನು ಹೊಟ್ಟೆಯ ಮೇಲೆ ತೂಗುಬಿಟ್ಟ ಗಂಭೀರ ಮನುಷ್ಯ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬಾನೆಟ್ ತೆಗೆಯಲೇ ಇಲ್ಲ. ಹಿಂದಿನ ಬಾಗಿಲು ತೆಗೆದು, ಸ್ಪೀಕರ್ ಪೆಟ್ಟಿಗೆ ಕಂಡು, ಬಚ್ಚಲಲ್ಲಿ ಯಾರೋ ಇದ್ದಾರೆಂದು ಗೊತ್ತಾದವರಂತೆ ಮೆಲ್ಲಗೆ ಮುಚ್ಚಿದರು.

"ಒರಿಜಿನಲ್ ಸಾಮಾನೆಲ್ಲ ಎಲ್ಲಪ್ಪಾ?"

"ಅದ್ಯಾಕೆ ಸಾರ್? ಅದಕ್ಕಿಂತ ಒಳ್ಳೇದೇ ಹಾಕ್ಸಿದೀನಲ್ಲ."

"ನೋಡು, ನೀನು ಹಾಕ್ಸಿರೋದಕ್ಕೆ ಬೆಲೆ ಇಲ್ಲ. ತೆಗೆಸಿರೋದಕ್ಕೆ ಇದೆ."

ತಮ್ಮ ನನ್ನ ಕಡೆ ಕೈ ತೋರಿಸಿದ. "ನಮ್ಮಕ್ಕ ಸಾರ್. ಎಂ.ಎ. ಮಾಡಿದಾರೆ. ಅವ್ರೇ ಹೇಳ್ಲಿ, ಈ ಕಾರು ಹಿಂಗಿರೋದು ಬೇರೆ ಎಲ್ಲಾದ್ರೂ ಇದ್ಯಾ?"

"ಇಲ್ಲ," ಎಂದೆ. ಪ್ರಾಮಾಣಿಕವಾಗಿಯೇ.

ವ್ಯಾಪಾರಿ ನಿಟ್ಟುಸಿರು ಬಿಟ್ಟರು. "ಇದನ್ನ ತಗೊಳ್ಳೋನು ನಿನ್ನಂಥೋನೇ ಆಗಿರ್ಬೇಕು. ನಿನ್ನಂಥೋನ ಹತ್ರ ದುಡ್ಡಿರಲ್ಲ. ದುಡ್ಡಿರೋನು ಹೆಂಡ್ತಿ ಮಕ್ಳನ್ನ ಕರ್ಕೊಂಡು ಬರ್ತಾನೆ. ಮಕ್ಳನ್ನ ಎಲ್ಲಿ ಕೂರಿಸ್ಲಿ, ಆ ಡಬ್ಬದ ಮೇಲಾ? ಎಲ್ಲ ವಾಪಸ್ ಮೊದ್ಲಿದ್ದಂಗೆ ಮಾಡ್ಕೊಂಡು ಬಾ. ಹಿಂದಿನ ಸೀಟು ಮುಖ್ಯ. ಆಗ ಬೆಲೆ ಮಾತಾಡಣ." ಹೀಗೇ ಬಿಟ್ಟುಹೋದರೆ ಎಷ್ಟು ಎಂದು ಕೇಳಿದ್ದಕ್ಕೆ ಅವರು ಹೇಳಿದ ಮೊತ್ತ ಕೇಳಿ ತಮ್ಮ ಕಾರಿನ ಬಾನೆಟ್ಟನ್ನು ಸವರಿದ, ಮಗುವಿನ ಕಿವಿ ಮುಚ್ಚುವವನ ಹಾಗೆ.

"ಅವ್ನಿಗೆ ಕಾರೇ ಗೊತ್ತಿಲ್ಲ ಅಕ್ಕ," ಎಂದ ದಾರಿಯಲ್ಲಿ. ಅಂದರೆ, ಕೂಗಿದ. ಆ ಸೈಲೆನ್ಸರ್ ಇದ್ದಾಗ ಕಾರಿನೊಳಗಿನ ಮಾತೆಲ್ಲ ಜಗಳವೇ.

ಕಾರು ಗೊತ್ತಿರುವವನು ಮುಳಬಾಗಿಲಿನಲ್ಲಿ ಸಿಕ್ಕ. ಫೋನಿನಲ್ಲಿ ಪರಿಚಯವಾದ, ಕಿವಿಗೆ ಓಲೆ ಹಾಕಿದ ತರುಣ. ಕಾರು ನೋಡಿದ್ದೇ ರಸ್ತೆಯ ಮೇಲೆ ಬೋರಲು ಮಲಗಿ ಸೈಲೆನ್ಸರಿನ ಬಾಯಿಗೆ ಮೊಬೈಲ್ ಹಿಡಿದ.

"ಅಣ್ಣಾ, ಒಂದ್ಸಲ ಎಂಜಿನ್ ರೈಸ್ ಮಾಡಿ. ಅಬ್ಬಾ, ಬೆಂಕಿ! ಸೂಪರ್ ಉಂದಿ ಅಣ್ಣಾ!" ಎಂದು ಗಡಿಯ ತೆಲುಗು ಬೆರೆಸಿ ಹೊಗಳಿದ.

ತಮ್ಮನ ಮುಖದಲ್ಲಿ ಮಗ ರ‍್ಯಾಂಕ್ ಬಂದ ತಂದೆಯ ಕಳೆ. ದೋಸೆ ಕೊಡಿಸಿದ. ಎರಡನೆಯದೂ ಕೊಡಿಸಿದ. ಬೆಲೆ ಹೇಳಿದ. ತರುಣ ಸ್ವಲ್ಪವೂ ಚೌಕಾಶಿ ಮಾಡಲಿಲ್ಲ.

"ಅಷ್ಟು ಬಾಳುತ್ತೆ ಅಣ್ಣಾ. ಕಮ್ಮಿಗೆ ಕೊಡ್ಲೇಬೇಡಿ."

"ಹಂಗಾದ್ರೆ ಯಾವಾಗ ತಗೊಂಡು ಹೋಗ್ತೀಯ?"

"ನಾನಾ? ನನ್ ಹತ್ರ ಎಲ್ಲಿ ಅಣ್ಣಾ ದುಡ್ಡು? ರೀಲ್ಸ್ ಹಾಕ್ತೀನಿ, ನಿಮ್ಮನ್ನ ಟ್ಯಾಗ್ ಮಾಡ್ತೀನಿ."

ಬೆಲೆ ಒಪ್ಪಿದವನ ಬಳಿ ದುಡ್ಡಿಲ್ಲ, ದುಡ್ಡಿದ್ದವನು ಬೆಲೆ ಒಪ್ಪುವುದಿಲ್ಲ, ನಿನ್ನ ಕಾರಿನ ಬೆಲೆ ಇವರಿಬ್ಬರ ನಡುವೆ ಹೆದ್ದಾರಿಯಲ್ಲಿ ಎಲ್ಲೋ ಬಿದ್ದುಹೋಗಿದೆ ಎಂದು ನಾನು ತಮ್ಮನಿಗೆ ಅಂದೆ. ಅಥವಾ ಮರುದಿನ ಸ್ನಾನ ಮಾಡುವಾಗ ಹೊಳೆಯಿತು. ನನ್ನ ಜಾಣ ಉತ್ತರಗಳೆಲ್ಲ ನೆನಪಿನಲ್ಲಿ ಮಾತ್ರ ಸರಿಯಾದ ಸಮಯಕ್ಕೆ ಬರುತ್ತವೆ.

ಕಾರನ್ನು ಮೊದಲಿದ್ದಂತೆ ಮಾಡದೆ ಗತಿಯಿರಲಿಲ್ಲ. ಸ್ಪ್ರಿಂಗು, ಸೈಲೆನ್ಸರ್, ಮುಂದಿನ ಸೀಟುಗಳು ಕೋಲಾರದ ಮೆಕ್ಯಾನಿಕ್ಕನ ಅಟ್ಟದ ಮೇಲೇ ಇದ್ದವು. ಉಳಿದದ್ದು ಗಾಲಿಗಳು ಮತ್ತು ಹಿಂದಿನ ಸೀಟು. ತಮ್ಮ ಅವನ್ನು ನೆಂಟರಿಗೆ ಉಡುಗೊರೆ ಕೊಟ್ಟುಬಿಟ್ಟಿದ್ದ. ಬೇಡದ್ದನ್ನು ಗುಜರಿಗೆ ಹಾಕುವ ಬದಲು ಬಂಧುಗಳಿಗೆ ಕೊಟ್ಟು ಹೆಸರು ಗಳಿಸುವುದು ನಮ್ಮ ಮನೆತನದ ಹಳೆಯ ಔದಾರ್ಯ. ಆದರೆ ಕೊಟ್ಟದ್ದನ್ನು ವಾಪಸ್ ಕೇಳುವುದಕ್ಕಿಂತ ದೊಡ್ಡ ಅವಮಾನ ನಮ್ಮ ಕಡೆ ಇನ್ನೊಂದಿಲ್ಲ. ಕೇಳಿದವನಿಗೂ, ಕೇಳಿಸಿಕೊಂಡವನಿಗೂ.

ಗಾಲಿಗಳು ಕ್ಯಾಲನೂರಿನಲ್ಲಿ ಹಸು ಸಾಕಿ ಡೇರಿಗೆ ಹಾಲು ಹಾಕುವ ಚಿಕ್ಕಪ್ಪನ ಮೇವಿನ ಗಾಡಿಗೆ ಸೇರಿದ್ದವು.

"ಏನ್ಲಾ, ಕೊಟ್ಟಿದ್ದನ್ನ ವಾಪಸ್ ಕೇಳಕ್ಕೆ ಬಂದಿದ್ದೀಯಾ?" ಚಿಕ್ಕಪ್ಪ ಹುಲ್ಲಿನ ಹೊರೆ ಇಳಿಸುತ್ತಲೇ ಅಂದರು. "ನಿನ್ ತೊಟ್ಲಲ್ಲಿ ನಾನು ಹಾಕಿದ್ ಬೆಳ್ಳಿ ಉಡಿದಾರ ಎಲ್ಲಿ? ತಗೊಂಬಾ, ಆಮೇಲೆ ಮಾತಾಡಣ."

ತಮ್ಮ ತಲೆ ಕೆರೆದುಕೊಂಡ. ಚಿಕ್ಕಪ್ಪನ ಕಣ್ಣು ಕಾರಿನ ಹೊಳೆಯುವ ಗಾಲಿಗಳ ಮೇಲೆ ಬಿತ್ತು. "ಅವು ನಾಲ್ಕೂ ಈ ಗಾಡಿಗೆ ಹಾಕ್ಬುಡು. ಇವು ತಗೊಂಡು ಹೋಗು. ಆಗ ವಾಪಸ್ ತಗೊಂಡಂಗೂ ಆಗಲ್ಲ, ಬದ್ಲಾಯ್ಸ್ಕೊಂಡಂಗಾಯ್ತದೆ."

ಮಧ್ಯಾಹ್ನದ ಹೊತ್ತಿಗೆ ಸುತ್ತಮುತ್ತ ಎಲ್ಲೂ ಇಲ್ಲದ ಮಾಡಿಫೈಡ್ ಮೇವಿನ ಗಾಡಿಯೊಂದು ಕ್ಯಾಲನೂರಿನಲ್ಲಿ ನಿಂತಿತ್ತು. ಡೇರಿಗೆ ಬಂದವರು ಅದರ ಸುತ್ತ ನಿಂತು, ಗಾಡಿ ಕೊಡ್ತೀಯಾ ಎಂದು ಚಿಕ್ಕಪ್ಪನನ್ನು ಕೇಳುತ್ತಿದ್ದರು. ನಮ್ಮ ಕಾರನ್ನು ಅಷ್ಟು ದಿನದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ.

ಇನ್ನುಳಿದದ್ದು ಹಿಂದಿನ ಸೀಟು. ಅದು ಗೌನಿಪಲ್ಲಿಯಲ್ಲಿತ್ತು. ದೊಡ್ಡಮ್ಮನ ಕೆಳಗೆ.

ಯುಗಾದಿಗೆ ಎಲ್ಲರೂ ದೊಡ್ಡಮ್ಮನಿಗೆ ಸೀರೆ ಕೊಟ್ಟರೆ ತಮ್ಮ ಈ ಸೀಟು ಕೊಟ್ಟಿದ್ದ. ಬದಲಿಗೆ ಬೇರೆ ಸೀಟು ಸಿಗುತ್ತದೇನೋ ಎಂದು ವಿಚಾರಿಸಿದೆವು. ಆ ಮಾಡೆಲ್ಲೇ ನಿಂತುಹೋಗಿದೆ ಅಂದರು. ಅಮ್ಮನಿಗೆ ವಿಷಯ ಹೇಳಿ, ಸರಿಹೋದ ಮುಂದಿನ ಸೀಟಿನಲ್ಲಾದರೂ ಬಾ ಎಂದಾಗ, ಅಲ್ಲಿ ಕಾಲು ಚಾಚಲಾಗದೆಂದು ಕೈಯಾಡಿಸಿದಳು.

"ಕೇಳಿ. ಆದ್ರೆ ನಾನು ಕೇಳು ಅಂದೆ ಅಂತ ಹೇಳ್ಬೇಡಿ."

ಗೌನಿಪಲ್ಲಿಗೆ ಹೊರಟ ದಿನ ಕಾರಿನಲ್ಲಿ ಮೊದಲ ಸಲ ಒಬ್ಬರ ಮಾತು ಒಬ್ಬರಿಗೆ ಕೇಳಿಸುವಂತಿತ್ತು. ಆಡಲು ಮಾತಿರಲಿಲ್ಲ. ಮತ್ತೆ ಹಾಕಿಸಿದ ಹಳೆಯ ಸೈಲೆನ್ಸರಿನ ಸಭ್ಯತೆ ತಮ್ಮನಿಗೆ ಶೋಕಾಚರಣೆಯ ಹಾಗಿತ್ತು. ಶ್ರೀನಿವಾಸಪುರದಲ್ಲಿ ಮಾವಿನ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡಾಗ, ಹಾರ್ನ್ ಹೊಡೆಯಲೂ ಮನಸ್ಸಿಲ್ಲದೆ ಕೂತಿದ್ದ. ಬರಿಗೈಯಲ್ಲಿ ಹೋಗಬಾರದೆಂದು ಸ್ಪೀಕರ್ ಪೆಟ್ಟಿಗೆಯನ್ನು ಹಿಂದೆ ಹೇರಿಕೊಂಡಿದ್ದ. ಕ್ಯಾಲನೂರಿನಲ್ಲಿ ಕಲಿತ ವಿದ್ಯೆ.

ದೊಡ್ಡಮ್ಮನ ಜಗುಲಿಯಲ್ಲಿ, ಎರಡು ಚಪ್ಪಡಿಗಳ ಮೇಲೆ ಸೀಟು ಇತ್ತು. ಅದರ ಬೆನ್ನಿಗೆ ಹಬ್ಬದ ದಿನ ಹಚ್ಚಿದ ಅರಿಶಿನ ಕುಂಕುಮ ಇನ್ನೂ ಇತ್ತು. ಸೀಟಿನ ಒಂದು ತುದಿಯಲ್ಲಿ ದೊಡ್ಡಮ್ಮ, ಮಿಕ್ಕ ಅಷ್ಟಗಲಕ್ಕೂ ಹಾಸಿದ ಹೊದಿಕೆ.

"ಏಮೇ, ಬಂದ್ಯಾ? ನಿಮ್ಮಮ್ಮ ಎಲ್ಲೇ?" ಅವಳ ಕಣ್ಣು ನನ್ನನ್ನು ದಾಟಿ ಕಾರಿನೊಳಗೆ ಹುಡುಕುತ್ತಿತ್ತು.

"ಬಂದಿಲ್ಲ ದೊಡ್ಡಮ್ಮಾ. ಕಾಲು."

"ಕಾಲು ನಂಗೂ ಐತೆ," ಎಂದಳು. ಆಮೇಲೆ ತಮ್ಮನ ಗಲ್ಲ ಹಿಡಿದಳು. "ಬಂಗಾರು ಕೊಂಡ, ಚಿನ್ನದ ಬೆಟ್ಟ ನನ್ನಪ್ಪ! ಮೂರು ಜನ ಗಂಡುಮಕ್ಳು ಇದಾರೆ ನಂಗೆ. ತೋಟಕ್ಕೆ ಔಷ್ದಿ ಹೊಡಿಯೋ ಮಿಷನ್ ತಂದ್ರು, ಅಮ್ಮ ಕೂತ್ಕೊಳ್ಳೋಕೆ ಒಂದು ಮೆತ್ತನೆ ಕುರ್ಚಿ ತಂದ್ರಾ? ಇವ್ನು ನೋಡೇ, ಕಾರಿಂದ ಸೀಟೇ ಕಿತ್ಕೊಂಡು ತಂದ!"

ತಮ್ಮ ಸ್ಪೀಕರ್ ಪೆಟ್ಟಿಗೆಯನ್ನು ಇಳಿಸಿ ಜಗುಲಿಗೆ ತಂದ. "ದೊಡ್ಡಮ್ಮಾ, ಇದ್ರ ಮೇಲೂ ಕೂತ್ಕೋಬೋದು. ಹಾಡೂ ಬರುತ್ತೆ."

"ಕೂತ್ರೆ ಅಲ್ಲಾಡಲ್ವೇನೋ?"

"ಹಾಡು ಹಾಕ್ದಾಗ ಸ್ವಲ್ಪ ನಡುಗುತ್ತೆ."

"ನಡುಗೋದಕ್ಕೆ ನಂಗೆ ಡಬ್ಬ ಬೇಕೇನೋ? ಒಳ್ಗೆ ಇಡು, ಸೊಸೆ ಅಕ್ಕಿ ಹಾಕ್ತಾಳೆ."

ನಾನು ಹೊದಿಕೆ ಸರಿಸಿ ಸೀಟಿನ ಮೇಲೆ ಕೂರಲು ಹೋದೆ. ದೊಡ್ಡಮ್ಮ ಕೈ ಅಡ್ಡ ಹಿಡಿದಳು.

"ಅಲ್ಲಿ ಬೇಡ ಕಣೇ, ಚಾಪೆ ಮೇಲೆ ಕೂತ್ಕೋ. ಅಲ್ಲಿ ಯಾರನ್ನೂ ಕೂರ್ಸಲ್ಲ ನಾನು. ನಿಮ್ಮಮ್ಮ ಬಂದ್ರೆ ಕಾಲು ಚಾಚ್ಕೊಳ್ಳೋಕೆ ಅಂತ ಬಿಟ್ಟಿದೀನಿ."

ತಮ್ಮ ನನ್ನ ಮುಖ ನೋಡಿದ. ಅವನಿಂದ ಇನ್ನು ಆಗದೆಂದು ಗೊತ್ತಾಯಿತು. ಮನೆಯಲ್ಲಿ ಎಂ.ಎ. ಓದಿದವಳು ನಾನು, ಕಷ್ಟದ ಮಾತನ್ನು ಸುಲಭವಾಗಿ ಹೇಳುವುದು ನನ್ನ ಕೆಲಸ ಎಂದು ಎಲ್ಲರೂ ತಿಳಿದಿದ್ದಾರೆ. ವ್ಯಾಪಾರಿ ಹೇಳಿದ್ದು, ಅಮ್ಮ ಕಾರಿನೊಳಗೆ ಸಿಕ್ಕಿಕೊಂಡದ್ದು, ಹಿಂದಿನ ಸೀಟಿದ್ದರೆ ಕಾರು ಮಾರಿದರೂ ಸರಿ, ಮಾರದಿದ್ದರೂ ಸರಿ, ಅಮ್ಮ ಮರುದಿನವೇ ಬರುತ್ತಾಳೆ ಎಂಬುದು, ಎಲ್ಲವನ್ನೂ ಹೇಳಿದೆ. ಯಾವ ಕ್ರಮದಲ್ಲಿ ಹೇಳಿದೆನೋ ನೆನಪಿಲ್ಲ. ದೊಡ್ಡಮ್ಮ ನಡುವೆ ಬಾಯಿ ಹಾಕದೆ ಕೇಳಿದ್ದು ನೆನಪಿದೆ, ಅದು ಅವಳ ಸ್ವಭಾವವಲ್ಲ. ಕೊನೆಗೆ ನಾನೊಂದು ಪ್ರಶ್ನೆ ಕೇಳಿದೆ. ಅವಳು ಹೊದಿಕೆಯ ಸುಕ್ಕು ತೀಡಿದಳು, ಒಳಗೆ ತಿರುಗಿ ಸೊಸೆಗೆ ಕಾಫಿ ಇಡು ಎಂದಳು, ನಮಗೆ ಒಂದು ಮೂಟೆ ಮಾವಿನಕಾಯಿ ಕಟ್ಟಿಸಿ ಕಳಿಸಿದಳು.

ಕಾರು ಈಗಲೂ ಮನೆಯ ಮುಂದಿದೆ. ಹಿಂದೆ ಖಾಲಿ ಇರುವುದರಿಂದ ಮೂಟೆ ಸಾಗಿಸಲು ಅನುಕೂಲ ಎಂದು ತಮ್ಮ ಹೊಸದೊಂದು ಬೆಲೆ ಕಟ್ಟಿಕೊಂಡಿದ್ದಾನೆ. ಅಕ್ಕತಂಗಿಯರ ಫೋನು ಸಂಜೆ ತಪ್ಪದೆ ನಡೆಯುತ್ತದೆ. ಮಂಡಿ, ಮಾವು, ಸೊಸೆಯಂದಿರು ಎಲ್ಲ ಬಂದು ಹೋಗುತ್ತವೆ, ಸೀಟಿನ ಸುದ್ದಿಯೊಂದು ಬರುವುದಿಲ್ಲ. ನಾನು ಪಕ್ಕದಲ್ಲಿ ಕೂತು ಕಿವಿಗೊಡುತ್ತೇನೆ. ಅಂದು ಜಗುಲಿಯಲ್ಲಿ ನಾನು ಹಾಕಿದ ಪ್ರಶ್ನೆ ಇಷ್ಟೇ:

"ದೊಡ್ಡಮ್ಮಾ, ಸೀಟು ಇಲ್ಲೇ ಇದ್ರೆ ಅಮ್ಮ ಬರಲ್ಲ. ಅಮ್ಮ ಬರ್ಬೇಕಂದ್ರೆ ಸೀಟು ಇಲ್ಲಿರಲ್ಲ. ನಿಂಗೆ ಯಾವ್ದು ಬೇಕು?"